ಫ್ಯಾನ್ ಗುಡ್ಡದ ಎರಡು ದಾರಿ

ಸುನೀತಾ ಸೈಕಲ್ ಹಿಡಿದದ್ದೇ ನಲವತ್ತು ದಾಟಿದ ಮೇಲೆ. ದಾವಣಗೆರೆಯ ಮಂಡಿಪೇಟೆಯಲ್ಲಿ ಗಂಡ ರವಿಚಂದ್ರನದು ಕನ್ನಡಕದ ಅಂಗಡಿ. ದಿನವಿಡೀ ಸ್ಟೂಲಿನ ಮೇಲೆ ಕೂತು ಬಂದವರ ಮೂಗಿಗೆ ಫ್ರೇಮು ಹೊಂದಿಸಿ ಹೊಂದಿಸಿ ಅವಳ ಸೊಂಟ ಹಿಡಿದುಕೊಂಡಿತ್ತು. ಡಾಕ್ಟರು ದಿನಾ ನಡೆಯಿರಿ ಎಂದರು. ಸರಸ್ವತಿ ನಗರದ ಪಾರ್ಕಿನಲ್ಲಿ ಗಾಣದೆತ್ತಿನ ಹಾಗೆ ಸುತ್ತುವುದು ಅವಳಿಗೆ ಸೇರಲಿಲ್ಲ. ಮಗನ ಹಳೇ ಸೈಕಲ್ಲಿನ ಧೂಳು ಒರೆಸಿ ಹತ್ತಿದಳು. ಆಮೇಲೆ ಇಳಿಯಲೇ ಇಲ್ಲ ಎನ್ನಬೇಕು. ಮೂರು ವರ್ಷದಲ್ಲಿ ಆ ಸೈಕಲ್ಲು ಹೋಗಿ, ಸಪೂರ ಟೈರಿನ, ಬಾಗಿದ ಹ್ಯಾಂಡಲ್ಲಿನ ರೋಡ್ ಸೈಕಲ್ ಮನೆಗೆ ಬಂದಿತ್ತು.

ಹುಮಾ ಸಿಕ್ಕಿದ್ದು ಮತದಾನ ಜಾಗೃತಿಯ ಸೈಕಲ್ ಜಾಥಾದಲ್ಲಿ. ಅವಳು ಹರಿಹರದವಳು, ಪಿಯು ಕಾಲೇಜಿನಲ್ಲಿ ಗಣಿತ ಹೇಳಿಕೊಡುತ್ತಿದ್ದಳು, ಸುನೀತಳಿಗಿಂತ ಐದಾರು ವರ್ಷ ಚಿಕ್ಕವಳು. ಜಾಥಾ ಮುಗಿದು, ಫೋಟೋ ತೆಗೆಸಿಕೊಂಡು, ಉಳಿದವರೆಲ್ಲ ಸೈಕಲ್ಲನ್ನು ಟೆಂಪೊಗೆ ಏರಿಸುತ್ತಿದ್ದಾಗ ಇವರಿಬ್ಬರು ಮಾತ್ರ ತುಳಿದುಕೊಂಡೇ ಮನೆಗೆ ಹೊರಟರು. ಅವತ್ತಿನಿಂದ ಭಾನುವಾರ ಬೆಳಿಗ್ಗೆ ಒಬ್ಬಳು ಹರಿಹರದಿಂದ, ಒಬ್ಬಳು ದಾವಣಗೆರೆಯಿಂದ ಹೊರಟು ನಡುವೆ ದೊಡ್ಡಬಾತಿಯಲ್ಲಿ ಸೇರುವುದು, ಒಟ್ಟಿಗೆ ಒಂದು ಸುತ್ತು ಹೊಡೆಯುವುದು, ಆಮೇಲೆ ರಸ್ತೆ ಬದಿಯ ಹೋಟೆಲಿನಲ್ಲಿ ಪಡ್ಡು ತಿಂದು ಅವರವರ ಊರಿಗೆ ತಿರುಗುವುದು ರೂಢಿಯಾಯಿತು.

ಆ ಸುತ್ತಿನಲ್ಲಿ ಯಾವಾಗಲೂ ಹುಮಾಳೇ ಮುಂದೆ. ಅವಳು ಬೇಕೆಂದು ಮುಂದೆ ಹೋಗುತ್ತಿರಲಿಲ್ಲ; ಕಾಲು ಹಾಗಿತ್ತು. ಹೆಲ್ಮೆಟ್ಟಿನ ಕೆಳಗೆ ಬಿಗಿದು ಕಟ್ಟಿದ ಸ್ಕಾರ್ಫು, ಗಾಳಿ ತುಂಬಿ ಉಬ್ಬಿದ ಕುರ್ತಾದ ಬೆನ್ನು. ಸುನೀತಳಿಗೆ ಗೆಳತಿಯ ಮುಖಕ್ಕಿಂತ ಆ ಬೆನ್ನಿನ ಪರಿಚಯವೇ ಹೆಚ್ಚಾಗಿತ್ತು. ಹುಮಾ ಆಗಾಗ ತಿರುಗಿ ನೋಡಿ, ಗೊತ್ತಾಗದ ಹಾಗೆ ವೇಗ ತಗ್ಗಿಸುತ್ತಿದ್ದಳು. ಸುನೀತಳಿಗೆ ಅದು ಗೊತ್ತಾಗುತ್ತಿತ್ತು.

ಡಿಸೆಂಬರಿನಲ್ಲಿ ಚಿಕ್ಕಮಗಳೂರಿನ ಘಾಟಿಯಲ್ಲಿ ಒಂದು ಸೈಕಲ್ ರೈಡು ಇತ್ತು. ಹುಮಾ ಹೇಳಿದಳು ಅಂತ ಸುನೀತಾ, ಸುನೀತಾ ಬರುತ್ತಾಳೆ ಅಂತ ಹುಮಾ, ಇಬ್ಬರೂ ಹೆಸರು ಕೊಟ್ಟರು. ಕೊಟ್ಟ ಮೇಲೆ ದಿಗಿಲಾಯಿತು. ಬಯಲಿನಲ್ಲಿ ತುಳಿದ ಕಾಲಿಗೆ ಘಾಟಿ ಹತ್ತುವ ಅಭ್ಯಾಸ ಎಲ್ಲಿಂದ ಬರಬೇಕು?

"ಹಲಗಿ ಇದ್ದಂಗಿರೋ ಊರಾಗೆ ಕುಂತು ಗುಡ್ಡ ಹುಡುಕ್ತೀಯಲ್ಲ," ಎಂದ ರವಿಚಂದ್ರ, ಹೆಂಡತಿ ಫೋನಿನ ಮ್ಯಾಪಿಗೆ ಮೂಗು ತಾಗಿಸಿ ಕೂತದ್ದನ್ನು ನೋಡಿ. "ಕನ್ನಡಕ ಕೊಡ್ಲಾ?"

ಮೊದಲು ರೈಲ್ವೆ ಮೇಲ್ಸೇತುವೆಯನ್ನು ಹತ್ತಿ ಇಳಿದು, ಮತ್ತೆ ಹತ್ತಿ ಇಳಿದು ನೋಡಿದರು. ಕೆಳಗೆ ನಿಂತಿದ್ದ ಪೊಲೀಸಿನವನು ಸುಮಾರು ಹೊತ್ತು ನೋಡಿ, "ಏನರ ಬಿದ್ದೋತಾ ಅಮ್ಮಾರೆ? ನಾನೂ ಹುಡುಕ್ಲಾ?" ಎಂದು ಕೇಳಿದ. ಬಾತಿ ಗುಡ್ಡದಲ್ಲಿ ಏರೇನೋ ಚೆನ್ನಾಗಿತ್ತು, ಆದರೆ ಉದ್ದವಿಲ್ಲ. ಕೊಂಡಜ್ಜಿಯ ಕೆರೆ, ಕಾಡು ನೋಡಲು ಚಂದ. ಉಸಿರು ಬಿಗಿಯುವಷ್ಟರಲ್ಲಿ ಅಲ್ಲಿನ ಏರು ಮುಗಿದೇ ಹೋಗುತ್ತಿತ್ತು. ಮ್ಯಾಪಿನಲ್ಲಿ ಹಾವಿನಂತೆ ಸುತ್ತಿಕೊಂಡಿದ್ದ ಒಂದು ಗೆರೆಯನ್ನು ನಂಬಿ ಹೋದರೆ ಅದು ಕಲ್ಲು ಕ್ವಾರಿಯಾಗಿತ್ತು. ಅಲ್ಲಿನ ನಾಯಿಗಳು ಇಬ್ಬರನ್ನೂ ಟಾರು ರಸ್ತೆಯವರೆಗೆ ಓಡಿಸಿಕೊಂಡು ಬಂದವು. ಅವತ್ತು ಹುಮಾ ನಗುತ್ತಲೇ, "ಅಕ್ಕ, ಇವತ್ತು ನೀವು ನನಗಿಂತ ಮುಂದಿದ್ರಿ ನೋಡ್ರಿ," ಎಂದಳು. ತಮಾಷೆಗೆ ಹೇಳಿದ್ದು. ಸುನೀತಾ ಪಡ್ಡು ತಿನ್ನುವಾಗಲೂ ಅದನ್ನೇ ನೆನೆಸಿಕೊಳ್ಳುತ್ತಿದ್ದಳು.

ಆ ವಾರವೇ ರವಿಚಂದ್ರನ ನೆಂಟರ ಮನೆಯ ನಾಮಕರಣಕ್ಕೆಂದು ಕಾರಿನಲ್ಲಿ ಉಚ್ಚಂಗಿದುರ್ಗದ ಕಡೆ ಹೋಗುವಾಗ, ದೂರದ ಗುಡ್ಡದ ಸಾಲಿನ ಮೇಲೆ ಗಾಳಿಯಂತ್ರಗಳು ತಿರುಗುವುದು ಕಂಡಿತು. ಊರವರು ಅದಕ್ಕೆ ಫ್ಯಾನ್ ಗುಡ್ಡ ಎಂದೇ ಹೆಸರಿಟ್ಟಿದ್ದರು. ಆ ಭಾರಿ ರೆಕ್ಕೆಗಳನ್ನು ಮೇಲಕ್ಕೆ ಸಾಗಿಸಬೇಕಾದರೆ ದಾರಿ ಇರಲೇಬೇಕಲ್ಲ ಎಂದು ಅವಳಿಗೆ ಹೊಳೆಯಿತು.

"ರೀ, ಸ್ವಲ್ಪ ನಿಲ್ಸ್ರಿ."

ದಾರಿ ಇತ್ತು. ಗಾಳಿಯಂತ್ರದ ಕಂಪನಿಯವರು ಮಾಡಿಸಿದ ಅಗಲವಾದ ಟಾರು ರಸ್ತೆ, ಜೋಳದ ಹೊಲ ಮುಗಿದ ಕಡೆ ಶುರುವಾಗಿ, ಗುಡ್ಡದ ಮೈಯನ್ನು ಬಳಸಿ ಬಳಸಿ ಮೇಲೇರಿ ಫ್ಯಾನುಗಳ ಬುಡ ಸೇರುತ್ತಿತ್ತು. ಸುನೀತಾ ರೇಷ್ಮೆ ಸೀರೆಯಲ್ಲಿ ರಸ್ತೆ ಬದಿ ನಿಂತು ಅದನ್ನೇ ನೋಡಿದಳು.

"ಗುಡ್ಡ ನೋಡಿದ್ರೆ ಮಂದಿ ಕೈ ಮುಗೀತಾರೆ. ನೀನು ನಗ್ತೀಯಲ್ಲ," ಎಂದ ರವಿಚಂದ್ರ.

ಸಂಜೆ ಮನೆಗೆ ಬಂದವಳೇ ಹುಮಾಳಿಗೆ ಹೇಳಬೇಕೆಂದು ಫೋನು ತೆಗೆದಳು. ಹೇಳಲಿಲ್ಲ. ಹೇಳಿದರೆ ಭಾನುವಾರ ಇಬ್ಬರೂ ಹೋಗುತ್ತಾರೆ, ಹುಮಾ ಸರಸರ ಹತ್ತಿ ಮೇಲೆ ಕಾಯುತ್ತಾಳೆ, ತಾನು ಏದುಸಿರು ಬಿಡುತ್ತ ಆಮೇಲೆ ಸೇರುತ್ತೇನೆ. ಒಂದೇ ಒಂದು ಸಲ ಅದು ಹಿಂದುಮುಂದಾಗಲಿ ಅನ್ನಿಸಿತು. ಮೊದಲು ತಾನು ಕಲಿತು, ಆಮೇಲೆ ಕರೆದುಕೊಂಡು ಹೋದರಾಯಿತು. "ನಂಗೆ ನೆಗಡಿ, ಈ ಭಾನುವಾರ ಬರೋಕಾಗಲ್ಲ," ಎಂದು ಮೆಸೇಜು ಹಾಕಿದಳು. ಹುಮಾ, "ಶುಂಠಿ ಕಷಾಯ ಕುಡೀರಿ ಅಕ್ಕ," ಎಂದು ಬರೆದಳು. ಅದನ್ನು ಓದಿ ಒಂದು ಗಳಿಗೆ ಮನಸ್ಸು ಚುಚ್ಚಿತು. ಆದರೂ ಹೋದಳು.

ಮೊದಲ ಸಲ ಅರ್ಧಕ್ಕೇ ಕಾಲು ಕೆಳಗಿಟ್ಟಳು. ತೊಡೆ ಉರಿಯುತ್ತಿತ್ತು, ಬಾಯಿಯಲ್ಲಿ ತಾಮ್ರದ ರುಚಿ. ಮುಂದಿನ ವಾರ ಏನು ನೆಪ ಹೇಳಲಿ ಎಂದು ಯೋಚಿಸುವಷ್ಟರಲ್ಲಿ ಹುಮಾಳದೇ ಮೆಸೇಜು ಬಂತು: "ಅಕ್ಕ, ನಂಗೂ ಈ ವಾರ ಆಗಲ್ಲ. ಮನೆಗೆ ನೆಂಟರು." ಸುನೀತಳಿಗೆ ಹಾಯೆನಿಸಿತು. ಆ ಸಲ ಕೊನೆಯ ತಿರುವಿನವರೆಗೆ ಹೋದಳು. ಹುಮಾಳ ನೆಂಟರು ಮತ್ತೊಂದು ವಾರವೂ ಉಳಿದರು, ಸುನೀತಳ ನೆಗಡಿ ಕೆಮ್ಮಿಗೆ ತಿರುಗಿತು. ಆ ಭಾನುವಾರ ಸುನೀತಾ ಕಾಲು ಕೆಳಗಿಡದೆ ಫ್ಯಾನಿನ ಬುಡ ಮುಟ್ಟಿದಳು.

ಅಲ್ಲಿ ಕಾವಲಿಗಿದ್ದವನು ಬಕ್ಕೇಶಪ್ಪ. ತಗಡಿನ ಶೆಡ್ಡಿನ ಮುಂದೆ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತಿದ್ದ. ಅವಳು ನೀರು ಕುಡಿದು ಸುಧಾರಿಸಿಕೊಳ್ಳುವವರೆಗೆ ಕಾದು, ಮಾತು ತೆಗೆದ.

"ಅಲ್ರೀ ಅಕ್ಕೋರೇ, ಇದು ಹರಕೆ ಏನರ ಐತೇನು?"

"ಹರಕೆ ಏನಿಲ್ಲಪ್ಪ. ಹಂಗೇ."

"ಹಂಗೇ ಅಂದ್ರೆ? ಆ ಅಕ್ಕೋರನ್ನ ಕೇಳಿದ್ರೂ ಹಂಗೇ ಅಂದ್ರು."

"ಯಾವ ಅಕ್ಕೋರು?"

"ಆ ಕಡೆ ತಾಂಡಾದ ದಾರಿಯಿಂದ ಬರ್ತಾರಲ್ಲ, ಅವ್ರು. ಹೋದ ವಾರ ನೀವು ಇಳಿದು ಹೋಗಿ ಸ್ವಲ್ಪ ಹೊತ್ತಿಗೆ ಬಂದ್ರು. ಇಂಥದೇ ಸೈಕಲ್ಲು. ಟೋಪಿ ಒಳಗೆ ತಲೆಗೆ ಬಟ್ಟೆ ಕಟ್ಕಂಡಿರ್ತಾರೆ."

ಸುನೀತಳಿಗೆ ಮೊದಲು ಬಂದದ್ದು ಸಿಟ್ಟು. ನೆಂಟರಂತೆ, ನೆಂಟರು! ಇಷ್ಟು ದಿನದ ಗೆಳೆತನದಲ್ಲಿ ಹೀಗೆ ಸುಳ್ಳು ಹೇಳುವುದೇ? ಬಾಟಲಿಯ ಮುಚ್ಚಳ ತಿರುಗಿಸುತ್ತಿದ್ದ ಕೈ ನಿಂತಿತು. ತಾನು ಕೆಮ್ಮಿನಿಂದ ಮಲಗಿದವಳು ಎಂಬುದು ಆಗ ನೆನಪಾಯಿತು. ಕಿವಿ ಬಿಸಿಯಾಯಿತು.

ಇಳಿದು ಹೋಗಿಬಿಡಬಹುದಿತ್ತು. ಹೋಗಲಿಲ್ಲ. ಸೈಕಲ್ಲನ್ನು ಶೆಡ್ಡಿಗೆ ಒರಗಿಸಿ, ಕಲ್ಲಿನ ಮೇಲೆ ಕೂತಳು. ಫ್ಯಾನಿನ ರೆಕ್ಕೆಯ ನೆರಳು ನೆಲದ ಮೇಲೆ ಬಂದು, ಅವಳ ಮೊಣಕಾಲು ದಾಟಿ, ಬಕ್ಕೇಶಪ್ಪನ ಕುರ್ಚಿ ದಾಟಿ, ಹೋಗಿ ಮತ್ತೆ ಬರುತ್ತಿತ್ತು. ಬಿಸಿಲು ಏರುತ್ತಿದ್ದ ಹಾಗೆ ಆ ಕಡೆಯ ರಸ್ತೆಯಲ್ಲಿ ಶೂಗಳ ಟಕಟಕ ಸದ್ದು ಕೇಳಿಸಿತು. ಪೆಡಲಿಗೆ ಸಿಕ್ಕಿಸುವ ಶೂ ಹಾಕಿಕೊಂಡು ನಡೆದರೆ ಬರುವ ಸದ್ದು. ಹುಮಾ ಸೈಕಲ್ಲನ್ನು ತಳ್ಳಿಕೊಂಡು, ತಲೆ ಬಗ್ಗಿಸಿ, ಏರು ಹತ್ತಿ ಬಂದಳು.

ಸುನೀತಳನ್ನು ಕಂಡು ಅಲ್ಲೇ ನಿಂತಳು.

"ಕೆಮ್ಮು ಹೆಂಗೈತಕ್ಕ?" ಎಂದಳು ಹುಮಾ.

"ಪರವಾಗಿಲ್ಲ. ನೆಂಟರು ಹೋದ್ರಾ?"

ಬಕ್ಕೇಶಪ್ಪ ಒಬ್ಬರ ಮುಖ ಬಿಟ್ಟು ಒಬ್ಬರ ಮುಖ ನೋಡಿ, "ಪರಿಚಯದೋರೇನು?" ಎಂದು ಕೇಳಿದ. ಹುಮಾಳ ತುಟಿಯಂಚಿನಲ್ಲಿ ನಗು ಶುರುವಾಯಿತು. ಸುನೀತಾ ತಡೆದುಕೊಳ್ಳಲು ನೋಡಿದಳು, ಆಗಲಿಲ್ಲ. ಇಬ್ಬರೂ ನಕ್ಕು ನಕ್ಕು ಕಣ್ಣು ಒರೆಸಿಕೊಂಡರು. ಬಕ್ಕೇಶಪ್ಪನಿಗೆ ಅರ್ಥವಾಗದಿದ್ದರೂ ಒಳಗೆ ಹೋಗಿ ಇನ್ನೊಂದು ಕುರ್ಚಿ ತಂದಿಟ್ಟ.

ನಗು ಇಳಿದ ಮೇಲೆ ಸುನೀತಾ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. "ಒಂದ್ಸಲನಾದ್ರೂ ನಿನಗಿಂತ ಮೊದ್ಲು ಹತ್ತಬೇಕು ಅನ್ನಿಸ್ತು. ಅಷ್ಟೇ. ಸಣ್ಣ ಬುದ್ಧಿ ನಂದು."

ಹುಮಾ ಸ್ಕಾರ್ಫಿನ ತುದಿಯಿಂದ ಕತ್ತು ಒರೆಸಿಕೊಂಡಳು. ಅವಳ ಗಂಡ ಸೈಫುಲ್ಲಾ ಮೋಟಾರು ರಿಪೇರಿ ಮಾಡುವವನು. ತಾಂಡಾದ ಬೋರಿನ ಮೋಟಾರು ತರಲು ಬಂದವನು ಮನೆಗೆ ಹೋಗಿ, ಅಲ್ಲಿಂದ ಗುಡ್ಡ ಹತ್ತುವ ಸಿಮೆಂಟು ರಸ್ತೆಯಲ್ಲಿ ತನ್ನ ಗಾಡಿಯೇ ಮೊದಲ ಗೇರಿನಲ್ಲಿ ಒದ್ದಾಡಿತು ಎಂದಿದ್ದನಂತೆ. ಮರುವಾರವೇ ಇವಳು ಹುಡುಕಿಕೊಂಡು ಬಂದಿದ್ದಳು.

"ಕಲಿತ ಮ್ಯಾಲೆ ನಿಮ್ಮನ್ನ ಕರ್ಕಂಡು ಬರಾಣ ಅಂತಿದ್ದೆ. ಕಲಿಯಾಕೇ ಆಗ್ಲಿಲ್ಲ. ಹುಣಸೆಮರದ ಹತ್ರ ಒಂದು ತಿರುವು ಐತೆ. ಬಂದಾಗೆಲ್ಲ ಅಲ್ಲೇ ಇಳೀತೀನಿ. ಇವತ್ತೂ ಇಳಿದೆ. ಕಾಲೇಜಿನಾಗೆ, ಮನೆಯಾಗೆ, ಎಲ್ರಿಗೂ ಹುಮಾ ಗಟ್ಟಿ. ನೀವೂ ಹಂಗೇ ತಿಳ್ಕಂಡೀರಿ. ನಿಮ್ಮ ಮುಂದೆ ತಳ್ಕಂಡು ಬರೋಕೆ ನಾಚಿಕೆ ಆತು."

ತಾನು ಇವತ್ತು ನಿಲ್ಲದೆ ಹತ್ತಿದೆ ಎಂದು ಹೇಳಲು ಸುನೀತಳಿಗೆ ಬಾಯಿ ಬರಲಿಲ್ಲ. ವಾರಗಟ್ಟಲೆ ಬಯಸಿದ್ದು ಕೈಗೆ ಸಿಕ್ಕಿತ್ತು. ಸಿಕ್ಕಿದ ಹೊತ್ತಿನಲ್ಲಿ ಅದನ್ನು ಎಲ್ಲಿಡಬೇಕೆಂದು ತಿಳಿಯಲಿಲ್ಲ. ಬಕ್ಕೇಶಪ್ಪನೇ ಹೇಳಿಬಿಟ್ಟ: "ಈ ಅಕ್ಕೋರು ಇವತ್ತು ಎಲ್ಲೂ ಇಳೀಲಿಲ್ಲ. ಇಲ್ಲಿಂದ ನೋಡ್ತಿದ್ದೆ."

ಹುಮಾ ತಿರುಗಿ ನೋಡಿದಳು. "ಹೌದಾ ಅಕ್ಕ?" ಎಂದವಳೇ ಎದ್ದು ಹೆಲ್ಮೆಟ್ಟು ಹಾಕಿಕೊಂಡಳು. "ಹಂಗಾದ್ರೆ ಬರ್ರಿ. ನನ್ನ ದಾರಿ ಹತ್ತಿ ತೋರ್ಸ್ರಿ."

ತಾಂಡಾದ ದಾರಿ ಇಳಿಯುವಾಗಲೇ ಸುನೀತಾ ಎರಡೂ ಬ್ರೇಕು ಬಿಗಿಹಿಡಿದಳು. ಕಂಪನಿಯ ರಸ್ತೆಯ ಹಾಗೆ ಬಳಸಿ ಹೋಗುವ ಸೌಜನ್ಯ ಇದಕ್ಕಿರಲಿಲ್ಲ. ಟ್ರಾಕ್ಟರು ಹತ್ತಿದರೆ ಸಾಕೆಂದು ನೆಟ್ಟಗೆ ಸಿಮೆಂಟು ಸುರಿದಿದ್ದರು. ಬುಡದಲ್ಲಿ ತಿರುಗಿ, ಇಬ್ಬರೂ ಹತ್ತತೊಡಗಿದರು. ಹುಮಾ ಮುಂದೆ, ಅದೇ ಬೆನ್ನು. ಹುಣಸೆಮರದ ಬಳಿ ರಸ್ತೆ ಎಡಕ್ಕೆ ಹೊರಳಿ ಗೋಡೆಯಂತೆ ಎದ್ದಿತು. ಹುಮಾಳ ಸೈಕಲ್ಲು ಎಡದ ಅಂಚಿನಲ್ಲಿ ತೂರಾಡಿತು. ಸುನೀತಾ ಬಲಕ್ಕೆ ಸರಿದು ಅವಳನ್ನು ದಾಟಿದಳು. ಮರುಗಳಿಗೆ ಹಿಂದೆ ಶೂ ಪೆಡಲಿನಿಂದ ಬಿಡಿಸಿಕೊಂಡ ಸದ್ದು ಕೇಳಿಸಿತು.

ನಿಲ್ಲಲೇ, ಹೋಗಲೇ? ಯೋಚಿಸುವಷ್ಟು ಉಸಿರು ಅವಳಲ್ಲಿ ಇರಲಿಲ್ಲ. ಕಾಲು ತುಳಿಯುತ್ತಲೇ ಇತ್ತು. ಮೇಲೆ ಮುಟ್ಟಿ ಹ್ಯಾಂಡಲ್ಲಿನ ಮೇಲೆ ತಲೆಯಿಟ್ಟು ಕಾದಳು. ಹುಮಾ ನಡೆದು ಬಂದಳು.

"ನಾನು ನಿಲ್ಲಬೇಕಿತ್ತೇನೋ," ಎಂದಳು ಸುನೀತಾ.

"ನಿಂತಿದ್ರೆ ನಂಗೆ ಸಿಟ್ಟು ಬರ್ತಿತ್ತಕ್ಕ. ನಾನು ತಿರುಗಿ ನೋಡಿ ನಿಧಾನ ಮಾಡಿದಾಗ ನಿಮಗೆ ಬರ್ತಿರ್ಲಿಲ್ವಾ?"

ಅದು ಇವಳಿಗೆ ಗೊತ್ತಿತ್ತೇ ಎಂದು ಸುನೀತಾ ಬೆರಗಾದಳು. ಬಾಟಲಿ ಮುಂದೆ ಚಾಚಿದಳು. ಹುಮಾ ಕುಡಿದು ಕೇಳಿದಳು: "ಆ ತಿರುವಿನಾಗೆ ಏನ್ ಮಾಡಿದ್ರಿ ನೀವು?"

"ನೀನು ಲೆಕ್ಕದ ಮೇಡಂ. ಹತ್ತಿರದ ದಾರಿ ಹಿಡೀತಿ. ಎಡದ ಅಂಚಿನಾಗೇ ಅದು ಭಾಳ ಕಡಿದು. ಹೊರಗಿನ ಅಂಚಿಗೆ ಹೋಗು. ದೂರ ಆಗ್ತೈತೆ, ಕಾಲಿಗೆ ಹಗುರ."

"ಹೊರಗೆ ಹೋದ್ರೆ ಎದುರಿಗೆ ಟ್ರಾಕ್ಟರ್ ಬಂದ್ರೆ ಕಾಣಲ್ಲಲ್ಲ."

"ನಾನು ನಿಂತ್ಕಂತೀನಿ. ಬಂದ್ರೆ ಕೂಗ್ತೀನಿ."

ಸುನೀತಾ ತಿರುವಿನವರೆಗೆ ಇಳಿದು, ಹುಣಸೆಮರದ ಕೆಳಗೆ ನಿಂತಳು. ಅಲ್ಲಿಂದ ಮೇಲಿನ ರಸ್ತೆಯೂ ಕೆಳಗಿನದೂ ಕಾಣುತ್ತಿತ್ತು. ತಾಂಡಾದ ಮುದುಕಿಯೊಬ್ಬಳು ಮೇಕೆಗಳೊಂದಿಗೆ ಬಂದು, ಅವಳ ಪಕ್ಕದಲ್ಲೇ ನಿಂತು, ಇವಳು ಏನು ನೋಡುತ್ತಿದ್ದಾಳೋ ಅದನ್ನೇ ತಾನೂ ನೋಡತೊಡಗಿದಳು. ಹುಮಾ ಮತ್ತೆ ಬುಡದವರೆಗೆ ಇಳಿದು, ಅಲ್ಲಿಂದ ಹೊರಟಳು. ಈ ಸಲ ಆತುರವಿರಲಿಲ್ಲ. ತಿರುವಿಗೆ ಬಂದಾಗ ಕೈ ಎತ್ತಿದಳು. ಸುನೀತಾ, ರಸ್ತೆ ಖಾಲಿ, ಬಾ ಎಂದು ಸನ್ನೆ ಮಾಡಿದಳು. ಹುಮಾ ಬಲದಂಚಿಗೆ ಅಗಲವಾಗಿ ಹೋದಳು. ಮುಂದಿನ ಚಕ್ರ ಒಮ್ಮೆ ಹೊಯ್ದಾಡಿ ನೆಟ್ಟಗಾಯಿತು. ಮುಖ ಕೆಂಪಾಗಿತ್ತು, ಬಾಯಿ ತೆರೆದಿತ್ತು. ಸುನೀತಳ ಕಡೆ ಕಣ್ಣೂ ಹಾಯಿಸದೆ ದಾಟಿ ಹೋದಳು. ಮುದುಕಿ, "ಹೋದ್ಲು ನೋಡು," ಎಂದಳು.

ಸುನೀತಾ ಸೈಕಲ್ ಹತ್ತಲು ನೋಡಿದಳು. ಅಷ್ಟು ಕಡಿದಾದ ಜಾಗದಲ್ಲಿ ಹತ್ತಿದರೆ ಪೆಡಲು ಒಂದು ಸುತ್ತು ಬರುವ ಮೊದಲೇ ಸೈಕಲ್ಲು ಪಕ್ಕಕ್ಕೆ ವಾಲುತ್ತಿತ್ತು. ಎರಡು ಸಲ ಪ್ರಯತ್ನಿಸಿ, ಮುದುಕಿ ನಗುವುದನ್ನು ಕಂಡು, ಇಳಿದು ತಳ್ಳಿಕೊಂಡೇ ಹೊರಟಳು. ಮೇಲೆ ಹುಮಾ ಕುರ್ಚಿಯಲ್ಲಿ ಕಾಲು ಚಾಚಿ ಕೂತಿದ್ದಳು. ಬಕ್ಕೇಶಪ್ಪ ಒಲೆ ಹೊತ್ತಿಸಿ ಚಹಾಕ್ಕಿಟ್ಟಿದ್ದ.

"ನಡ್ಕಂಡು ಬಂದ್ರಾ ಅಕ್ಕ?"

"ಹ್ಞೂಂ, ನಡ್ಕಂಡೇ ಬಂದೆ."

ಚಹಾ ಕುಡಿದು, ಹುಮಾ ಸೈಫುಲ್ಲಾನಿಗೆ ಫೋನು ಮಾಡಿ, ಬರುವುದು ಮಧ್ಯಾಹ್ನವಾಗುತ್ತೆ, ಅನ್ನಕ್ಕೆ ನೀವೇ ಇಟ್ಟುಕೊಳ್ಳಿ ಎಂದಳು. ಸುನೀತಳ ದಾರಿಯನ್ನೂ ಅವಳು ನೋಡಬೇಕಿತ್ತು. ಇಬ್ಬರೂ ಕಂಪನಿ ರಸ್ತೆಯಲ್ಲಿ ಇಳಿದರು. ಜೋಳದ ಹೊಲಗಳ ನಡುವಿನ ನೇರ ದಾರಿಗೆ ಬಿದ್ದಾಗ ಗಾಳಿ ಬೆನ್ನಿಗಿತ್ತು. ರಸ್ತೆಯಲ್ಲಿ ಬೇರೆ ಗಾಡಿ ಇರಲಿಲ್ಲವಾದ್ದರಿಂದ ಒಬ್ಬರ ಪಕ್ಕ ಒಬ್ಬರು, ಮಾತಾಡಿಕೊಂಡು ಹೋದರು.