ಎಡಮೂಲೆಯ ಸದ್ದು

ರೆಸಿನ್ ಅಂಟಿನ ವಾಸನೆ ಇನ್ನೂ ಹೋಗಿಲ್ಲ, ಹೊಸ ನೀಲಿ ಬಣ್ಣದ ಅಡಿಯಿಂದಲೂ ಬರುತ್ತಿದೆ, ಮೂಗಿಗಿಂತ ಮೊದಲು ಗಂಟಲಿಗೆ ಹತ್ತುತ್ತದೆ, ಸುಜಯ ಉಸಿರು ಕಟ್ಟಿ ಭುಜವನ್ನು ದೋಣಿಯ ಹೊಟ್ಟೆಗೆ ಕೊಟ್ಟಿದ್ದಾನೆ, ಆಚೆ ಬದಿಯಲ್ಲಿ ಅಳ್ವೆಕೋಡಿ ಕೇರಿಯ ಮೂರು ನಾಲ್ಕು ಮಂದಿ, ಅಡಿಯಲ್ಲಿ ತೆಂಗಿನ ದಿಮ್ಮಿಗಳು ಮರಳಿಗೆ ಕಚ್ಚಿ ಕಿರ್ರೆನ್ನುತ್ತಿವೆ, ದಂಡೆಯ ಮೇಲೆ ಮೀನಿನ ಪೆಟ್ಟಿಗೆ ಮಗುಚಿ ಕುಳಿತ ಅಪ್ಪನ ದನಿ ಮಾತ್ರ ಎಲ್ಲವನ್ನೂ ದಾಟಿ ಬರುತ್ತದೆ, ಹಂಗೇ ತಂಗೀ, ಮೂತಿ ಚೂರು ತೆಂಕಿಗೆ ತಿರುಗ್ಲಿ, ಹಾಂ ತಂಗೀ — ನೂಕುತ್ತಿರುವವನು ಇವನು, ಭುಜದ ಚರ್ಮ ಸುಲಿಯುತ್ತಿರುವುದು ಇವನದು, ಅಪ್ಪನ ಬಾಯಲ್ಲಿರುವುದು ಮಗಳು ಉಮಾ, ಅವಳನ್ನು ಅವನು ಕರೆಯುವುದೇ ತಂಗೀ ಅಂತ. ಅವಳು ಮೂತಿಯ ಹಗ್ಗ ಹಿಡಿದು ಮುಂದೆ ನಿಂತಿದ್ದಾಳೆ, ಕುಮಟೆಯ ದೋಣಿ ಶೆಡ್ಡಿನಲ್ಲಿ ಕೆಲಸಕ್ಕೆ ಹಾಕುವ ಹಳೇ ಪ್ಯಾಂಟು, ಮೊಣಕಾಲಿನ ಹತ್ತಿರ ರೆಸಿನ್ ಬಿದ್ದು ಗಾಜಿನಂತೆ ಗಟ್ಟಿಯಾಗಿದೆ, ಆ ಪ್ಯಾಂಟು ನೋಡಿದರೆ ಅಪ್ಪನಿಗೆ ಸಿಟ್ಟು ಬರಬೇಕಿತ್ತು, ಹೆಣ್ಣುಮಕ್ಕಳು ದೋಣಿಗೆ ಕಾಲಿಡಬಾರದು ಅಂತ ಅವ್ವನನ್ನೇ ಒಮ್ಮೆ ಮೊಣಕಾಲು ನೀರಿನಿಂದ ಹಿಂದಕ್ಕೆ ಅಟ್ಟಿದವನು ಇದೇ ಅಪ್ಪ ತಾನೆ, ಈಗ ಮಗಳ ಪ್ಯಾಂಟಿಗೆ ಅಂಟಿದ್ದನ್ನು ಉಗುರಿನಿಂದ ಕೆರೆದು ನೋಡಿ ನಗುತ್ತಾನೆ, ಗಟ್ಟಿ ಮಾಲು ಅಂತಾನೆ. ಈ ದೋಣಿ ಸುಜಯನದಾಗಬೇಕಿತ್ತು, ಆಗಿಯೂ ಇತ್ತು, ಮೀಸೆ ಮೂಡುವ ಮೊದಲಿಂದ ಇದರಲ್ಲಿ ಬಲೆ ಎಳೆದವನು ಅವನು, ಆಮೇಲೆ ಪರ್ಸಿನ್ ಬೋಟಿಗೆ ಹೋದ, ದೊಡ್ಡ ಬೋಟು, ದೊಡ್ಡ ಬಲೆ, ಹೋಗುವ ದಿನ ಇದನ್ನು ತೆಂಗಿನ ಬುಡಕ್ಕೆ ಎಳೆದು ಹಾಕಿದವನು ಮಗುಚಿ ಹಾಕಬೇಕಿತ್ತು, ಹಾಕಲಿಲ್ಲ, ಬಾನಿಗೆ ಬಾಯಿ ತೆರೆದುಕೊಂಡೇ ಬಿದ್ದಿತ್ತು, ಮಳೆಗಾಲದ ಮೇಲೆ ಮಳೆಗಾಲ ತುಂಬಿತು, ಎಂಜಿನ್ ಬೋಲ್ಟಿನ ತೂತುಗಳಿಂದ ನೀರು ಒಳಗಿನ ಹಲಗೆಗೆ ಇಳಿಯಿತು, ಫೈಬರ್ ಕೊಳೆಯುವುದಿಲ್ಲ, ಅದರ ಹೊಟ್ಟೆಯಲ್ಲಿ ಮುಚ್ಚಿಟ್ಟ ಮರ ಕೊಳೆಯುತ್ತದೆ, ಹೊರಗಿಂದ ಗೊತ್ತೇ ಆಗುವುದಿಲ್ಲ. ಅಪ್ಪ ಒಂದು ಮಾತೂ ಬೈಯಲಿಲ್ಲ. ಕೆಟ್ಟುಹೋದ ಮಂಡಿಯಲ್ಲಿ ಕುಂಟುತ್ತ ಹೋಗಿ ಪೇಂಟಿನ ಡಬ್ಬದಲ್ಲಿ ನೀರು ತೋಡಿ ಚೆಲ್ಲುತ್ತಿದ್ದ, ಜಗಲಿಯಿಂದ ನೋಡಿದ ಸುಜಯ, ಬಿಡು ಅಪ್ಪಾ, ಅದು ಮುಗೀತು, ಅಂದಿದ್ದ, ಅಪ್ಪ ತಲೆ ಎತ್ತದೆ ಇನ್ನೊಂದು ಡಬ್ಬ ತೋಡಿದ, ಅವತ್ತು ಬೈದಿದ್ದರೆ ಚೆನ್ನಾಗಿತ್ತು, ಬೈಗುಳವಾದರೂ ತನ್ನದು ಅಂತ ಇರುತ್ತಿತ್ತು.

ದೀಪಾವಳಿಗೆ ಬಂದ ಉಮಾ ದೋಣಿಯೊಳಗೆ ಇಳಿದು ಬರಿಗಾಲಲ್ಲಿ ಅಡ್ಡಾಡಿದಳು, ಹಿಮ್ಮಡಿಯಿಂದ ಒತ್ತಿ ಒತ್ತಿ ನೋಡಿದಳು, ಸತ್ತಿಲ್ಲ ಅಪ್ಪಾ ಇದು, ಚರ್ಮ ಗಟ್ಟಿ ಅದೆ, ಒಳಗಿನ ಎಲುಬು ಹೋಗದೆ ಅಷ್ಟೇ — ಆ ಒಂದು ಮಾತು, ಅಷ್ಟಕ್ಕೇ ಅಪ್ಪನ ಮುಖಕ್ಕೆ ರಕ್ತ ಬಂತು, ಮಂಚ ಬಿಟ್ಟೆದ್ದ, ಬೆಳಿಗ್ಗೆ ಚಾ ಕುಡಿಯುವ ಮೊದಲೇ ತೆಂಗಿನ ಬುಡಕ್ಕೆ ಹೋಗಿ ಕೂತ. ಅವಳು ಗ್ರೈಂಡರಿನಲ್ಲಿ ಒಳಗಿನ ಫೈಬರ್ ಕೊಯ್ದಳು, ಬಿಳಿ ಧೂಳು ಕೇರಿಗೆಲ್ಲ ಹಾರಿತು, ಸುಜಯನಿಗೆ ವಾರವಿಡೀ ಮೈ ತುರಿಸಿತು, ಕೊಳೆತ ಮರವನ್ನು ಕೈಯಲ್ಲೇ ಬಾಚಿ ತೆಗೆದಳು, ಕಾಫಿ ಗಸಿಯ ಹಾಗೆ, ಬಕೆಟ್ಟುಗಟ್ಟಲೆ, ದೋಣಿಯನ್ನು ಬಿಸಿಲಿಗೆ ಒಣಗಿಸಿ ಹೊಸ ಹಲಗೆ ಕೂರಿಸಿ ಮೇಲೆ ಬಿಳಿ ಫೈಬರ್ ಮ್ಯಾಟು ಹಾಸಿ ರೆಸಿನ್ ಬಳಿದಳು, ಪದರದ ಮೇಲೆ ಪದರ, ರೋಲರಿನಲ್ಲಿ ಗುಳ್ಳೆ ಒತ್ತಿ ತೆಗೆಯುತ್ತ, ಅಪ್ಪ ಪಕ್ಕದಲ್ಲಿ ಕೊಡೆ ಹಿಡಿದು ನಿಂತಿದ್ದ, ಕೊಡೆ, ಮಗಳ ತಲೆಯ ಮೇಲೆ, ಸುಜಯ ಜ್ವರ ಬಂದು ಬಲೆ ಎಳೆದ ದಿನವೂ ಹುಷಾರಾ ಅಂತ ಕೇಳದ ಮನುಷ್ಯ. ನಿಮ್ಮ ತಂಗಿ ಒಬ್ಳೇ ಎಷ್ಟು ಮಾಡ್ತದೆ ನೋಡಿ ಅಂತ ಹೆಂಡತಿ ಜಯಶ್ರೀಯೂ ಅಂದಳು, ಅವಳಿಗೂ ಬೇರೆ ಮಾತಿಲ್ಲ, ಅವನು ಊಟ ಬಿಟ್ಟು ಎದ್ದ. ಅದನ್ನೆಲ್ಲ ತಡೆದುಕೊಳ್ಳಬಹುದಿತ್ತು. ಅಪ್ಪ ಅವಳಿಗೆ ಕಲ್ಲಿನ ಗುರುತು ಹೇಳದೆ ಇದ್ದಿದ್ದರೆ ತಡೆದುಕೊಳ್ಳಬಹುದಿತ್ತು. ನೀರಿನಡಿಯ ಆ ಕಲ್ಲು, ಇಸ್ವಾಣ ಮೀನು ಬಂದು ತಂಗುವ ಜಾಗ, ಅಪ್ಪನೊಬ್ಬನಿಗೇ ಗೊತ್ತು, ಅಪ್ಪನಿಗೆ ಅವನಪ್ಪ ಹೇಳಿದ್ದು, ಸುಜಯ ಒಮ್ಮೆ ಬಾಯಿಬಿಟ್ಟು ಕೇಳಿದ್ದ, ಅಪ್ಪ ಬಲೆಯ ಹರಕು ಹೆಣೆಯುತ್ತಲೇ, ನಿಂಗೆಂತಕ್ಕೆ ಅದು, ನಿಂಗಳ ಬೋಟಲ್ಲಿ ಮಷೀನ್ ಅದೆಯಲ್ಲ, ಮೀನು ಎಲ್ಲಿ ಅಂತ ಅದೇ ಹೇಳ್ತದೆ, ಅಂದಿದ್ದ, ಅಲ್ಲಿಗೆ ಮುಗಿದಿತ್ತು. ಈಗ ಸಂಜೆ ಹೊತ್ತು ದೋಣಿಯ ಮರೆಯಲ್ಲಿ ಚಾ ಲೋಟ ಹಿಡಿದು ಬರುತ್ತಿದ್ದವನ ಕಿವಿಗೆ ಬಿತ್ತು, ಲೈಟ್‌ಹೌಸು ಗುಡ್ಡದ ಸೆರಗಿಗೆ ಬರ್ಬೇಕು ತಂಗೀ, ನೇತ್ರಾಣಿ ದ್ವೀಪ ನಿನ್ನ ಎಡಗೈ ಹೆಬ್ಬೆರಳಿನ ಅಗಲ ಕಾಣ್ಬೇಕು, ಎರಡೂ ಒಟ್ಟಿಗೇ ಆದ ಕೂಡ್ಲೇ ಎಂಜಿನ್ ಬಂದ್ ಮಾಡು — ಉಮಾ ಕೈ ಚಾಚಿ ಹೆಬ್ಬೆರಳು ಎತ್ತಿ ಒಂದು ಕಣ್ಣು ಮುಚ್ಚಿದಳು, ಅಪ್ಪ ಆ ಕೈಯನ್ನು ಹಿಡಿದು ಚೂರು ಸರಿಪಡಿಸಿದ. ಚಾ ಆರುತ್ತಿತ್ತು. ಅವನು ತನ್ನ ಹೆಬ್ಬೆರಳನ್ನು ಎತ್ತಿ ನೋಡಿಕೊಂಡ, ಎಲ್ಲಿಗೂ ಸರಿಹೊಂದದ ಹೆಬ್ಬೆರಳು.

ಮೊನ್ನೆ ಬೆಳಿಗ್ಗೆ ಅವಳು ಕರೆದಳು, ಅಣ್ಣಾ ಬಾ ಒಂಚೂರು, ಕಡೇ ಪದರ ಹಾಕೂಕಿಂತ ಮುಂಚೆ ಹಿಂದಿನ ಹಲಗೆ ಬಡ್ದು ನೋಡು, ನನ್ನ ಕಿವಿ ಗ್ರೈಂಡರಿಗೆ ಮಂದ ಆಗದೆ, ನಿಂದು ಚೊಲೋ ಅದೆ — ಎಂಜಿನ್ ಕಟ್ಟುವ ಹಲಗೆ ಅದು, ಅರ್ಧ ಹಲಗೆ ಗಟ್ಟಿ ಅಂತ ಅಷ್ಟನ್ನು ಅವಳು ಹಳೆಯದನ್ನೇ ಉಳಿಸಿಕೊಂಡಿದ್ದಳು. ಮರದ ಸುತ್ತಿಗೆ ಕೊಟ್ಟಳು. ಬಲಕ್ಕೆ ಬಡಿದ, ಟಣ್, ನಡುವೆ ಟಣ್, ಮೇಲೆ ಟಣ್, ಎಡಗಡೆ ಕೆಳಮೂಲೆಯಲ್ಲಿ ಬಡಿದ, ಬೊದ್, ನೆನೆದ ಗೋಣಿಗೆ ಬಡಿದ ಹಾಗೆ, ಇನ್ನೊಮ್ಮೆ ಬಡಿಯಲಿಲ್ಲ, ಬೇಕಾಗಿರಲಿಲ್ಲ, ಒಳಗೆ ನೀರಿದೆ, ಅಂಗೈಯಗಲ ಕೊಳೆತಿದೆ, ಎಂಜಿನ್ ಜೋರು ಮಾಡಿದರೆ ಅಳಿವೆ ಬಾಯಿಯ ಅಲೆಗೆ ಆ ಮೂಲೆ ಹರಿದು ಬರುತ್ತದೆ, ಹಿಂದಿನಿಂದ ನೀರು ಒಳಗೆ. ಉಮಾ ಆಚೆ ತಿರುಗಿ ಡಬ್ಬದಲ್ಲಿ ರೆಸಿನ್ ಕಲಕುತ್ತಿದ್ದಳು. ಹೆಂಗದೆ ಅಣ್ಣಾ? ಅವನ ಬಾಯಿ ಹೇಳಿತು, ಆತು, ಎಲ್ಲ ಸರಿ ಅದೆ. ಅಷ್ಟೇ. ಎಷ್ಟು ಸುಲಭವಾಗಿ ಬಂತು, ಮತ್ತು ಬಂದ ಕೂಡಲೇ ಎದೆಯಲ್ಲಿ ಎಂಥದೋ ತಂಪಾಯಿತು, ನೋಡಲಿ, ಇವಳ ಕೆಲಸವೂ ಕೈಕೊಡುತ್ತದೆ ಅಂತ ಅಪ್ಪ ಒಂದು ಸಲ ನೋಡಲಿ, ಬರೀ ಒಂದು ಸಲ, ಯಾರಿಗೂ ಏನೂ ಆಗುವುದಿಲ್ಲ, ಎಂಜಿನ್ ಒಂದಿಷ್ಟು ಅಲ್ಲಾಡುತ್ತದೆ, ದಡದ ಹತ್ತಿರವೇ, ಅಪ್ಪನ ಮುಖ ಬಾಡುತ್ತದೆ — ಅವಳು ಆ ಮೂಲೆಯ ಮೇಲೆಯೇ ಮ್ಯಾಟು ಹಾಸಿದಳು, ಅವನು ಅಂಚನ್ನು ಹಿಡಿದುಕೊಟ್ಟ, ಒಳ್ಳೆಯ ಅಣ್ಣನ ಹಾಗೆ.

ನೀರು ಸಿಕ್ಕಿತು, ದೋಣಿ ತಟ್ಟನೆ ಹಗುರವಾಯಿತು, ಕೇರಿಯವರು ಹೋ ಎಂದರು, ಎಂಜಿನ್ ತಂದು ಹಿಂದೆ ಸಿಕ್ಕಿಸಿ ತಿರುಪು ಬಿಗಿದರು, ಅಪ್ಪನನ್ನು ಹತ್ತಿಸಬೇಕು, ಮಂಡಿ ಏಳುವುದಿಲ್ಲ, ಸುಜಯನೇ ಎತ್ತಿಕೊಂಡ, ಎಷ್ಟು ಹಗುರ, ಖಾಲಿ ಬುಟ್ಟಿಯ ಹಾಗೆ, ಅಪ್ಪನ ಕೈ ಅವನ ಕುತ್ತಿಗೆಯ ಸುತ್ತ, ಬೀಡಿಯ ಉಸಿರು ಕೆನ್ನೆಗೆ, ಹೀಗೆ ಯಾವತ್ತು ಹಿಡಿದಿದ್ದ ಅಪ್ಪ, ನೆನಪೇ ಇಲ್ಲ, ಕಣ್ಣು ಮಾತ್ರ ಉಮಾಳ ಕಡೆ, ತಂಗೀ ನೀನೂ ಹತ್ತು, ಕಲ್ಲು ಇವತ್ತೇ ತೋರಿಸ್ತೆ. ಕಲ್ಲು ಇವತ್ತೇ. ಅಳಿವೆ ಬಾಯಿ ದಾಟಿ. ಸುಜಯ ಸೊಂಟದ ನೀರಿನಲ್ಲಿ ದೋಣಿಯ ಹಿಂಬದಿ ಹಿಡಿದು ನಿಂತ, ಉಮಾ ಹತ್ತಿ ಎಂಜಿನ್ನಿನ ಹಗ್ಗ ಎಳೆದಳು, ಅದು ಹೊತ್ತಿತು, ಅವನ ಬಲಗೈಯ ಕೆಳಗಿನ ಹಲಗೆ ಗಟ್ಟಿಯಾಗಿ ಗುಂಯ್ಗುಟ್ಟಿತು, ಎಡಗೈಯ ಕೆಳಗೆ ಅದು ಉಸಿರಾಡಿತು, ಒಳಗೆ, ಹೊರಗೆ, ಒಳಗೆ, ಮಗುವಿನ ನೆತ್ತಿಯ ಹಾಗೆ, ಬಿಡು, ಕೈಬಿಡು, ಹೋಗಲಿ — ನಿಲ್ಸು ಉಮಾ, ನಿಲ್ಸು, ಬಂದ್ ಮಾಡು ಅಂದೆ ಅಲ್ವಾ! ಕೂಗಿದ್ದು ತಾನೇ ಎಂದು ತಿಳಿಯಲು ಅವನಿಗೆ ಹೊತ್ತು ಹಿಡಿಯಿತು. ಎಂತ ಆತಾ, ಎಂತ ಆತು, ದಡದಲ್ಲಿ ಗದ್ದಲ, ದೋಣಿಯನ್ನು ಮತ್ತೆ ಮರಳಿಗೆ ಎಳೆದರು, ಅಪ್ಪನನ್ನು ಇಳಿಸಿ ಹತ್ತಿರವೇ ಪೆಟ್ಟಿಗೆಯ ಮೇಲೆ ಕೂರಿಸಿದರು, ಎಂಜಿನ್ ಇಳಿಸಿದರು, ಅವನು ಎಡಮೂಲೆಗೆ ಬೆರಳು ತೋರಿಸಿದ, ಉಮಾ ಡ್ರಿಲ್ ತಂದು ಹೊಸ ನೀಲಿಯ ಮೇಲೆಯೇ ಇಟ್ಟಳು, ಬಿಳಿ ಹುಡಿ ಬಂತು, ಆಮೇಲೆ ಕಂದು, ಆಮೇಲೆ ಡ್ರಿಲ್ಲಿನ ಮುಳ್ಳಿಗೆ ಸುತ್ತಿಕೊಂಡು ಕರಿ ಮುದ್ದೆ. ಅವಳು ಡ್ರಿಲ್ ಕೆಳಗಿಟ್ಟು ಅಣ್ಣನ ಮುಖ ನೋಡಿದಳು. ಒಂದೇ ಸಲ ನೋಡಿದಳು, ಎಲ್ಲ ಓದಿಕೊಂಡಳು, ಗೊತ್ತಾಯಿತು ಅವನಿಗೆ. ಅಪ್ಪ ಪೆಟ್ಟಿಗೆಯ ಮೇಲಿಂದ ಬಾಗಿ ಕೇಳಿದ, ತಮಾ — ಎಷ್ಟು ವರ್ಷದ ಮೇಲೆ ಮಗನಿಗೆ ಆ ತಮಾ — ತಮಾ, ಮೊನ್ನೆ ನೀ ಬಡ್ದು ನೋಡಿದ್ಯಲ್ಲ? ಅವನು ಬಾಯಿ ತೆರೆದ, ಹೌದು, ಗೊತ್ತಿತ್ತು, ಬೇಕೆಂದೇ ಹೇಳಲಿಲ್ಲ, ಮಾತು ನಾಲಿಗೆಯ ಮೇಲೆಯೇ ಇತ್ತು, ಇದಾದರೂ ತನ್ನದು, ಈ ತಪ್ಪಾದರೂ, ಅಷ್ಟರಲ್ಲಿ ಉಮಾ, ಇಲ್ಲ ಅಪ್ಪಾ, ಆ ಮೂಲೆ ಬಡಿಯೂಕೆ ನಾನೇ ಬಿಡ್ಲಿಲ್ಲ, ರೆಸಿನ್ ಹಸಿ ಇತ್ತು, ತಪ್ಪು ನಂದೇ, ಅಣ್ಣ ಕಂಡದ್ದಕ್ಕೆ ಬಚಾವು. ಅಪ್ಪ ಕೈ ಎತ್ತಿ ಅವಳ ತಲೆ ಸವರಿದ, ಇರ್ಲಿ ತಂಗೀ, ಒಪ್ಕೊಂಡ್ಯಲ್ಲ, ದೊಡ್ಡದು ಅದು. ದೊಡ್ಡದು. ಸುಳ್ಳಿನಲ್ಲೂ ಅವಳೇ ದೊಡ್ಡವಳು, ಅವನ ತಪ್ಪನ್ನೂ ಎತ್ತಿಕೊಂಡು ಹೋದಳು, ಬೈಗುಳವನ್ನೂ, ಕ್ಷಮೆಯನ್ನೂ, ಈಗ ಹೇಳಿದರೂ ಯಾರು ನಂಬುತ್ತಾರೆ, ಹೇಳಬೇಕು, ಬಾಯಿ ಇನ್ನೂ ತೆರೆದೇ ಇದೆ, ಹೇಳು, ತಂಗಿಯ ತಲೆಯ ಮೇಲೆ ಅಪ್ಪನ ಕೈ, ದೋಣಿಯ ತೂತಿನ ಬಾಯಲ್ಲಿ ಕರಿ ನೀರು ಕೂಡಿಕೊಳ್ಳುತ್ತಿದೆ, ದಪ್ಪವಾಗುತ್ತದೆ, ತೂಗುತ್ತದೆ, ಮರಳಿಗೆ ಬೀಳುತ್ತದೆ, ಹೇಳು, ಮತ್ತೊಂದು ಹನಿ, ಅಪ್ಪಾ, ನಾನು — ಕರಿ ಹನಿ, ಬಿಳಿ ಮರಳು, ಮತ್ತೆ ತೂತಿನ ಬಾಯಲ್ಲಿ ಒಂದು, ದಪ್ಪವಾಗುತ್ತ, ತೂಗುತ್ತ, ಬೀಳದೆ