ಬರ್ತೀನಿ ಎಂದು ಹೊರಟವಳು

ನರೇಂದ್ರ ಸರ್ ಪ್ರಕಾರ ಸಂದರ್ಶನವೆಂದರೆ ಮದುವೆ ಊಟವಿದ್ದ ಹಾಗೆ. ನಡುವೆ ಏನೇನು ಬಡಿಸಿದರೆಂಬುದು ಯಾರಿಗೂ ನೆನಪಿರುವುದಿಲ್ಲ. ಕೊನೆಯ ಮಜ್ಜಿಗೆ ಹುಳಿಯಾಗಿತ್ತೆಂಬುದನ್ನು ಮಾತ್ರ ಜನ ಹತ್ತು ವರ್ಷ ಹೇಳಿಕೊಂಡು ತಿರುಗುತ್ತಾರೆ. ಯಲಹಂಕದ ಆ ಕಾಲೇಜಿನಲ್ಲಿ ಮಕ್ಕಳಿಗೆ ಕೆಲಸ ಕೊಡಿಸುವ ಹೊಣೆ ಹೊತ್ತಿದ್ದ ಅವರು, ಅದಕ್ಕೇ ಕೊನೆಯ ವಾಕ್ಯವೊಂದನ್ನು ಎಲ್ಲರಿಗೂ ಬಾಯಿಪಾಠ ಮಾಡಿಸಿದ್ದರು: "ಥ್ಯಾಂಕ್ ಯೂ ಫಾರ್ ಯುವರ್ ಟೈಮ್. ಐ ಲುಕ್ ಫಾರ್ವರ್ಡ್ ಟು ಹಿಯರಿಂಗ್ ಫ್ರಮ್ ಯೂ." ಇದನ್ನು ಎದ್ದು ನಿಂತು, ಕುರ್ಚಿ ಕಿರುಗುಟ್ಟದಂತೆ ಹಿಂದೆ ಸರಿಸಿ, ಒಸಡು ಕಾಣದಷ್ಟು ನಗುತ್ತ ಹೇಳಬೇಕು.

ಗಜಾಲಾ ಆ ವಾಕ್ಯವನ್ನು ಆರ್.ಟಿ. ನಗರದಿಂದ ಬಸ್ಸಿನಲ್ಲಿ ಗುನುಗುತ್ತಲೇ ಬಂದಿದ್ದಳು. ಹೆಬ್ಬಾಳದ ಮೇಲ್ಸೇತುವೆಯಲ್ಲಿ ಬಸ್ಸು ಎಂದಿನಂತೆ ಸಮಾಧಿ ಸ್ಥಿತಿಗೆ ಹೋದಾಗ ಕೆಳಗಿನ ಕೆರೆ ನೋಡಿದಳು. ಮೈಕ್ರೋಬಯಾಲಜಿಯ ಪ್ರಾಜೆಕ್ಟಿಗಾಗಿ ಇದೇ ಕೆರೆಯ ನೀರನ್ನು ಬಾಟಲಿಯಲ್ಲಿ ತುಂಬಿ ಮನೆಯ ಫ್ರಿಜ್ಜಿನಲ್ಲಿ ಇಟ್ಟಿದ್ದಳು. ಅಜ್ಜಿ ಅಕ್ಬರಿ ಅದನ್ನು ಯಾರೋ ಮಾಡಿಸಿದ ಮಾಟವೆಂದು ತಿಳಿದು ಚರಂಡಿಗೆ ಚೆಲ್ಲಿದ್ದರು. ಮತ್ತೆ ತಂದಳು. ಅಂಥ ಹಟ.

ಆ ಹಟಕ್ಕೆ ಇವತ್ತು ಒಂದು ಬಾಗಿಲು ಇತ್ತು. ಮಧ್ಯಾಹ್ನ ಅಮೃತಹಳ್ಳಿಯ ನೀರು ಪರೀಕ್ಷಿಸುವ ಲ್ಯಾಬಿನವರು ಬರುವವರಿದ್ದರು. ಇದ್ದದ್ದು ಒಂದೇ ಜಾಗ. ಬೆಳಿಗ್ಗೆ ಬರುವವರದು ಬೇರೆ ಕಥೆ. ಮಾಕಳಿಯ ಕಚೇರಿಯಲ್ಲಿ ಕೂತು, ವಿಮೆ ಬರಲಿಲ್ಲವೆಂದು ಬೈಯುವವರ ಫೋನೆತ್ತಿ ಬೈಸಿಕೊಳ್ಳುವ ಕೆಲಸ. ಸೇರಿದರೆ ಎರಡು ವರ್ಷ ಬಿಡುವಂತಿಲ್ಲ.

"ಬೆಳಿಗ್ಗೇದನ್ನ ಪ್ರಾಕ್ಟೀಸ್ ಅಂದ್ಕೊಂಡು ಕೂತ್ಕೊಮ್ಮ," ಎಂದಿದ್ದರು ನರೇಂದ್ರ ಸರ್. "ಆದ್ರೆ ಹುಷಾರು. ಒಂದನ್ನ ಒಪ್ಕೊಂಡ್ರೆ ಇನ್ನೊಂದಕ್ಕೆ ಕೂರಂಗಿಲ್ಲ. ಕಾಲೇಜಿನ ರೂಲು."

ಕಾರಿಡಾರಿನಲ್ಲಿ ಅವಳ ಸರದಿ ಬರುವ ಹೊತ್ತಿಗೆ ಅಶ್ವತ್ಥ್ ಒಳಗಿಂದ ಹೊರಬಿದ್ದ. ಅಟ್ಟೂರಿನ ಹಳೇ ರೈತರ ಮನೆಯ ಹುಡುಗ. ಅವರ ರಾಗಿ ಹೊಲದಲ್ಲೀಗ ಬಾಡಿಗೆ ಮನೆಗಳು ಬೆಳೆಯುತ್ತಿದ್ದುದರಿಂದ ಅವನಿಗೆ ಸಂದರ್ಶನದ ಭಯವಿರಲಿಲ್ಲ.

"ಏನಾಯ್ತೋ?"

"ಮುಖಕ್ಕೇ ಹೇಳಿದ್ರು ಮಗಾ, ನೀನು ಬೇಡ ಅಂತ. ಸರಿ ಅಂತ ಮರ್ಯಾದೆಯಾಗೇ ಎದ್ದು ಬಂದೆ. ಆದ್ರೆ ನೋಡು, ಆವಮ್ಮ ಯಾಕೋ ಹೆದ್ರಿಕೊಂಡಂಗಾಗಿ ಸೆಕ್ಯುರಿಟಿಗೆ ಫೋನ್ ಮಾಡ್ಬಿಟ್ರು. ನಾನೇನ್ ಕಚ್ತೀನಾ?"

ನಿಜವೇ. ಕಾವಲುಗಾರನೊಬ್ಬ ಮೆಟ್ಟಿಲ ಬಳಿ ನಿಂತು ಅಶ್ವತ್ಥನನ್ನೇ ನೋಡುತ್ತಿದ್ದ.

ಒಳಗೆ ನೀಲಿ ಕೋಟಿನ ಹೆಂಗಸು. ಗುರುಗ್ರಾಮದಿಂದ ಅಂದೇ ಬೆಳಿಗ್ಗೆ ವಿಮಾನದಲ್ಲಿ ಬಂದವರು, ಸಂಜೆಗೆ ಅದರಲ್ಲೇ ಮರಳುವವರು. ಬೇಡದ ಕೆಲಸವಾದ್ದರಿಂದ ಗಜಾಲಾಳ ನಾಲಿಗೆ ಹರಿಯುವ ನೀರಿನಂತೆ ಓಡಿತು. ನಿನ್ನ ದೌರ್ಬಲ್ಯವೇನು ಎಂದರೆ "ಬೈದವರಿಗೆ ವಾಪಸ್ ಬೈಯುವುದು" ಎಂದಳು. ಆ ಹೆಂಗಸು ಪೆನ್ನು ಕೆಳಗಿಟ್ಟು ನಕ್ಕರು.

"ನೀನು ನನಗೆ ಬೇಕು," ಎಂದರು ಇಂಗ್ಲಿಷಿನಲ್ಲಿ. "ಒಂದನೇ ತಾರೀಖಿನಿಂದ ಮಾಕಳಿ. ಬರುತ್ತೀಯಾ, ಇಲ್ಲವಾ? ಊಟದ ಹೊತ್ತಿಗೆ ಉತ್ತರ ಕೊಡಬೇಕು."

ಗಜಾಲಾ ಇದನ್ನು ನಿರೀಕ್ಷಿಸಿರಲಿಲ್ಲ. ಮನೆಯಲ್ಲಿ ಕೇಳಬೇಕು ಎಂದಳು. ಕೇಳು ಎಂದರು. ಎದ್ದಳು; ಕುರ್ಚಿ ಕಿರುಗುಟ್ಟಿತು; ಆ ಸದ್ದಿಗೆ ಬೆದರಿದ ಹಕ್ಕಿಯಂತೆ ಬಾಯಿಪಾಠದ ವಾಕ್ಯ ಹಾರಿಹೋಯಿತು. ಬಾಗಿಲ ತನಕ ಹೋದವಳಿಗೆ ಸುಮ್ಮನೆ ಬೆನ್ನು ತಿರುಗಿಸಿ ಹೋಗಲು ಮನಸ್ಸಾಗಲಿಲ್ಲ. ತಿರುಗಿ, ಬಾಯಿಗೆ ಬಂದದ್ದನ್ನು ಹೇಳಿದಳು:

"ಓಕೆ ಮ್ಯಾಮ್. ಐ ವಿಲ್ ಕಮ್."

"ವಂಡರ್‌ಫುಲ್!" ಎಂದರು ನೀಲಿ ಕೋಟಿನವರು.

ಕಂಪನಿಯವರು ಎಲ್ಲಕ್ಕೂ ವಂಡರ್‌ಫುಲ್ ಅನ್ನುತ್ತಾರೆ ಎಂದುಕೊಂಡು ಗಜಾಲಾ ಹೊರಬಂದಳು.

ಕ್ಯಾಂಟೀನಿನಲ್ಲಿ ಚಿತ್ರಾನ್ನ ಅರ್ಧ ಮುಗಿದಿರುವಾಗ ನರೇಂದ್ರ ಸರ್ ಕೈ ಚಾಚಿಕೊಂಡೇ ಬಂದರು. "ಕಂಗ್ರಾಟ್ಸ್ ಕಣಮ್ಮ! ಮಧ್ಯಾಹ್ನದ್ದಕ್ಕೆ ನಿನ್ನ ಬದ್ಲು ಬೇರೆಯವರ್ನ ಕಳಿಸ್ತೀನಿ."

"ಯಾಕೆ ಸರ್?"

"ಮಾಕಳೀದು ಒಪ್ಕೊಂಡ್ಯಲ್ಲ."

"ಯಾರ್ ಸರ್ ಒಪ್ಕೊಂಡಿದ್ದು? ಮನೇಲಿ ಕೇಳ್ಬೇಕು ಅಂದೆ ಅಷ್ಟೆ!"

"ಆಮೇಲೆ? ಬಾಗಿಲಲ್ಲಿ ನಿಂತು ಐ ವಿಲ್ ಕಮ್ ಅಂದ್ಯಂತೆ?"

ಗಜಾಲಾಳ ಕೈಯ ಚಮಚ ತಟ್ಟೆಯ ಮೇಲೆ ಹಾಗೇ ನಿಂತಿತು. "ಸರ್... ಅದು ಹೊರಡೋವಾಗ ಹೇಳಿದ್ದು. ಬರ್ತೀನಿ ಅಂತ."

ನರೇಂದ್ರ ಸರ್ ಕೆಂಗೇರಿಯವರು. ಅವರಿಗೆ ತಕ್ಷಣ ಅರ್ಥವಾಯಿತು. ಅರ್ಥವಾದದ್ದೇ ಮುಖ ಬಿಳಿಚಿತು. "ಅಯ್ಯೋ ನಿನ್ನ! ಅದಕ್ಕೇ ಆ ವಾಕ್ಯ ಉರು ಹೊಡಿ ಅಂದಿದ್ದು! ಈಗ ಇಲ್ಲ ಅಂದ್ರೆ ಮುಂದಿನ ವರ್ಷ ಅವರು ಇತ್ಲಾಗೆ ತಲೇನೂ ಹಾಕಲ್ಲ. ನಾನಂತೂ ಹೇಳಲ್ಲ. ನೀನೇ ಹೋಗಿ ಬಿಡಿಸ್ಕೊ. ಲ್ಯಾಬಿನವರು ಆಗ್ಲೇ ಗೇಟಲ್ಲಿದ್ದಾರೆ."

ಗಜಾಲಾ ಎರಡೆರಡು ಮೆಟ್ಟಿಲು ಹತ್ತಿ ಓಡಿದಳು. ಹೊರಡುವಾಗ ಮನೆಯ ಉರ್ದುವಿನಲ್ಲಿ 'ಜಾತೂಂ', ಹೋಗ್ತೀನಿ, ಅಂದವಳ ಬೆನ್ನಿಗೆ ಗುದ್ದಿ, 'ಆತೂಂ ಬೋಲ್' ಎಂದು ಕಲಿಸಿದ್ದು ಅಜ್ಜಿ. ಹೋಗುವುದು ಅಂದರೆ ಸತ್ತವರು ಮಾಡುವ ಕೆಲಸ. ಬದುಕಿರುವವರು ಬರುತ್ತೇವೆಂದು ಹೇಳಿ ಹೊರಡಬೇಕು. ಬೀದಿಯ ಕನ್ನಡವೂ ಅದನ್ನೇ ಹೇಳಿಕೊಟ್ಟಿತ್ತು. ಎರಡು ಭಾಷೆಗಳು ಸೇರಿ ಕಲಿಸಿದ ಮರ್ಯಾದೆ ಮೂರನೆಯದರಲ್ಲಿ ಅವಳನ್ನು ಮಾಕಳಿಗೆ ಮಾರಿತ್ತು.

ನೀಲಿ ಕೋಟಿನವರು ಊಟದ ಡಬ್ಬಿ ಮುಚ್ಚುತ್ತಿದ್ದರು. ಗಜಾಲಾ ಇದ್ದದ್ದನ್ನು ಹೇಳಿದಳು. ಅವರ ಮುಖದಿಂದ ನಗು ಸ್ವಲ್ಪ ಸ್ವಲ್ಪವಾಗಿ ಇಳಿಯಿತು.

"ಅಂದರೆ ನೀನು 'ಬರುತ್ತೇನೆ' ಎಂದದ್ದರ ಅರ್ಥ 'ಹೋಗುತ್ತೇನೆ'?"

"ಹೌದು ಮ್ಯಾಮ್."

"ಮಧ್ಯಾಹ್ನ ಇನ್ನೊಂದು ಕಂಪನಿ ಬರುತ್ತಿದೆಯಂತಲ್ಲ?"

"ಹೌದು ಮ್ಯಾಮ್."

"ನನಗೆ ಇಪ್ಪತ್ತು ವರ್ಷದ ಅನುಭವವಿದೆ ಮಗಳೇ. ಅಜ್ಜಿ ಸತ್ತರು ಅಂದವರನ್ನು ನೋಡಿದ್ದೇನೆ. ವ್ಯಾಕರಣದ ನೆಪ ಹೇಳಿದವಳು ನೀನೇ ಮೊದಲು." ಅವರು ಚೀಲಕ್ಕೆ ಕೈ ಹಾಕಿದರು. "ಈ ಕಾಲೇಜಿನ ಮಕ್ಕಳ ಉತ್ಸಾಹ ನೋಡಿ ಎಷ್ಟು ಖುಷಿಪಟ್ಟಿದ್ದೆ! ಬೆಳಿಗ್ಗೆಯಿಂದ ಒಬ್ಬರೂ ಇಲ್ಲವೆನ್ನಲಿಲ್ಲ. ಎಲ್ಲರೂ ಬರುತ್ತೇವೆ ಅಂದರು."

ಎಲ್ಲರೂ. ಕೆಳಗೆ ಅಂಗಳದಲ್ಲಿ ಕಾರಿನ ಬಾಗಿಲು ಮುಚ್ಚಿದ ಸದ್ದು ಕೇಳಿತು. ಲ್ಯಾಬಿನವರೇ ಇರಬೇಕು. ಗಜಾಲಾಳಿಗೆ ಮೆಟ್ಟಿಲ ಬಳಿಯ ಕಾವಲುಗಾರ ನೆನಪಾದ.

"ಮ್ಯಾಮ್, ನನಗಿಂತ ಮೊದಲು ಒಬ್ಬ ಹುಡುಗ ಬಂದಿದ್ದ. ಅವನನ್ನು ಬೇಡ ಅಂದಿರಿ."

"ಆ ಉದ್ದನೆಯವನಾ? ಅವನ ಸುದ್ದಿ ಬೇಡ. ನಿನ್ನನ್ನು ತೆಗೆದುಕೊಳ್ಳುವುದಿಲ್ಲ ಎಂದು ಸ್ಪಷ್ಟವಾಗಿ ಹೇಳಿದೆ. ಬಾಗಿಲಲ್ಲಿ ನಿಂತು, ನನ್ನ ಕಣ್ಣಲ್ಲಿ ಕಣ್ಣಿಟ್ಟು..."

ಅವರು ನಿಲ್ಲಿಸಿದರು.

"ಏನಂದ ಮ್ಯಾಮ್?"

"ಐ ವಿಲ್ ಕಮ್ ಅಂದ." ಚೀಲದಿಂದ ಕೈ ಹೊರತೆಗೆದರು. "ಬೆದರಿಕೆ ಅಂದುಕೊಂಡೆ. ಸೆಕ್ಯುರಿಟಿ ಕರೆಸಿದೆ."

ಗಜಾಲಾ ನಗಲಿಲ್ಲ, ನಕ್ಕರೆ ಕೆಲಸ ಕೆಡುತ್ತದೆಂದು ಅವಳಿಗೆ ಗೊತ್ತಿತ್ತು. ಕೊನೆಗೆ ಆ ಹೆಂಗಸೇ ಎರಡು ಕೈಯಲ್ಲೂ ಮುಖ ಮುಚ್ಚಿಕೊಂಡರು. ನಗುವಿಗೆ ಭುಜ ಕುಲುಕುತ್ತಿತ್ತು.

"ಹಾಗಾದರೆ ನನಗೆ ನಿಜವಾಗಿ ಎಷ್ಟು ಜನ ಸಿಕ್ಕಿದ್ದಾರೆ?"

"ಮತ್ತೊಮ್ಮೆ ಕೇಳಬೇಕು ಮ್ಯಾಮ್. ಕೂರಿಸಿಕೊಂಡು ಕೇಳಿ. ಬಾಗಿಲಲ್ಲಿ ಹೇಳಿದ್ದು ಲೆಕ್ಕಕ್ಕಿಲ್ಲ."

"ಹೋಗು," ಎಂದರು ಅವರು. "ಓಡು. ಆ ನರೇಂದ್ರನನ್ನು ಮೇಲೆ ಕಳಿಸು."

ಗಜಾಲಾ ಬಾಗಿಲವರೆಗೆ ಓಡಿ, ತಿರುಗಿ, ಬಾಯಿ ತೆರೆದು, ಗಬಕ್ಕನೆ ಮುಚ್ಚಿಕೊಂಡು ಹೊರಟುಹೋದಳು.

ಲ್ಯಾಬಿನಿಂದ ಬಂದವರು ಮುನಿರಾಮಯ್ಯ. ಅಮೃತಹಳ್ಳಿಯವರೇ, ಮಾಲೀಕರೂ ಅವರೇ. ಬೇಕಾದ ಕೆಲಸವಾದ್ದರಿಂದ ಗಜಾಲಾಳ ನಾಲಿಗೆ ಈಗ ಮರದ ಹಲಗೆ. ಹೆಬ್ಬಾಳ ಕೆರೆಯ ನೀರಿನ ಬಗ್ಗೆ ಕೇಳಿದಾಗ ಉತ್ತರ ಕಂತಿನಲ್ಲಿ ಬಂತು. ಅಜ್ಜಿ ಬಾಟಲಿ ಚೆಲ್ಲಿದ್ದನ್ನೂ ಗಾಬರಿಯಲ್ಲಿ ಹೇಳಿಬಿಟ್ಟಳು. ಮುನಿರಾಮಯ್ಯ ಹ್ಞೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಆಯ್ತಮ್ಮ ಎಂದರು ಅಷ್ಟೆ.

ಎದ್ದಳು. ಕುರ್ಚಿ ಕಿರುಗುಟ್ಟಲಿಲ್ಲ. ಒಸಡು ಕಾಣದಷ್ಟು ನಕ್ಕು, ನರೇಂದ್ರ ಸರ್ ಕೇಳಿದ್ದರೆ ಕಣ್ಣೀರು ಹಾಕುವಂತೆ, ಆ ವಾಕ್ಯವನ್ನು ಒಂದಕ್ಷರ ಬಿಡದೆ ಒಪ್ಪಿಸಿದಳು. ಬಾಗಿಲಿಗೆ ಕೈ ಹಾಕಿದಳು.

"ಏನಮ್ಮ, ಇಂಗೆ ಒಂಟೋಗ್ಬಿಡೋದಾ?" ಎಂದರು ಮುನಿರಾಮಯ್ಯ ಹಿಂದಿನಿಂದ. "ಮನೇಲಿ ಏನೂ ಯೇಳ್ಕೊಟ್ಟಿಲ್ವಾ?"

ಗಜಾಲಾ ತಿರುಗಿದಳು. ಅವರ ಮುಖದಲ್ಲಿ ಏನೂ ತಿಳಿಯುವಂತಿರಲಿಲ್ಲ.

"ಬರ್ತೀನಿ ಸರ್," ಎಂದಳು.

"ಯಾವತ್ತಿಂದ?"