ಸೇವೆಗೊಬ್ಬ ಅಜ್ಜಿ ಬೇಕಾಗಿದ್ದಾಳೆ

ಬೆಂಗಳೂರಿನ ಯಾವುದೋ ದೊಡ್ಡ ಕಾಲೇಜಿನಿಂದ ಹದಿನಾಲ್ಕು ಮಕ್ಕಳು ಸೇವೆ ಮಾಡಲೆಂದು ಬರ್ಮಿಂಗ್‌ಹ್ಯಾಮಿಗೆ ಹೊರಟಾಗಿದೆ, ಇಲ್ಲಿ ನೋಡಿದರೆ ಸೇವೆ ಮಾಡಿಸಿಕೊಳ್ಳಲು ಮುದುಕರೇ ಸಾಲುತ್ತಿಲ್ಲ. ಇಲ್ಲಿನ ಕನ್ನಡ ಸಂಘದ ಕಾರ್ಯದರ್ಶಿ ಇಂದುಶೇಖರ ಹಾರ್ಬೋರ್ನಿನ ನಮ್ಮ ಮನೆಗೆ ಬಂದು, ಸೋಫಾದ ತುದಿಯಲ್ಲಿ ಕೂತು, ಹೆಣ್ಣು ಹೆತ್ತವನ ಹಾಗೆ ಕೈ ಹೊಸೆದ.

"ಜಲಜಮ್ಮ, ಹತ್ತೇ ದಿನ. ಸ್ಪ್ರಿಂಗ್ ಬ್ರೇಕ್‌ಗೆ ಬರ್ತಿದಾರೆ. ಎಂಟು ಜನಕ್ಕೆ, ಬಡವರಿಗೆ ದಿನಸಿ ಹಂಚೋ ಫುಡ್ ಬ್ಯಾಂಕ್‌ನಲ್ಲಿ ಜಾಗ ಸಿಕ್ತು. ಉಳಿದೋರಿಗೆ ಒಬ್ಬೊಬ್ರು ವಯಸ್ಸಾದೋರು ಬೇಕು."

"ಬೆಂಗಳೂರಿಗೆ ಯಾವ ಸ್ಪ್ರಿಂಗ್ ಬಂತಯ್ಯಾ? ಯುಗಾದಿ ರಜ ಅನ್ನು."

"ಯುಗಾದೀನೇ. ಬ್ರೋಷರ್‌ನಲ್ಲಿ ಹಂಗೆ ಹಾಕಿದಾರೆ."

"ಅಲ್ಲೇ ಅವರವರ ಅಜ್ಜೀರನ್ನ ನೋಡ್ಕೊಳೋಕೆ ಆಗಲ್ವಾ? ಎಲ್ಲಾ ಸತ್ತು ಹೋದ್ರಾ?"

"ಅಯ್ಯೋ, ಸ್ವಂತ ಅಜ್ಜಿ ನೋಡ್ಕೊಂಡ್ರೆ ಸರ್ಟಿಫಿಕೇಟ್ ಕೊಡಲ್ವಲ್ಲಮ್ಮ."

ನನ್ನ ಮಗಳು ವೇದಾ ಕೂಡಲೇ ಒಪ್ಪಿದಳು. ಅವಳು ಆಸ್ಪತ್ರೆಯಲ್ಲಿ ಮುದುಕರ ವಾರ್ಡಿನ ಡಾಕ್ಟರು. ಬೆಳಿಗ್ಗೆ ಏಳಕ್ಕೆ ಹೋದರೆ ಬರುವ ಹೊತ್ತು ಅವಳ ಡ್ಯೂಟಿ ಪಟ್ಟಿಗೇ ಗೊತ್ತು. ಅಳಿಯ ಅಶೋಕನಿಗೆ ದೂರದ ಸಾಲ್ಫರ್ಡ್ ಊರಿನಲ್ಲಿ ಕೆಲಸ, ಶನಿವಾರ ಭಾನುವಾರ ಮಾತ್ರ ಕಾಣುತ್ತಾನೆ. "ಹಗಲೆಲ್ಲ ನಿನಗೊಂದು ಜೊತೆ ಆಗುತ್ತಲ್ಲಮ್ಮ" ಎಂದಳು. ಹೀಗೆ ಎಪ್ಪತ್ನಾಲ್ಕನೇ ವಯಸ್ಸಿನಲ್ಲಿ, ಮದುವೆ ಮನೆಗೆ ಪಾತ್ರೆ ಕೊಟ್ಟ ಹಾಗೆ, ನನ್ನನ್ನು ಹತ್ತು ದಿನದ ಮಟ್ಟಿಗೆ ಎರವಲು ಕೊಟ್ಟರು.

ಸೋಮವಾರ ಬಂದವಳ ಹೆಸರು ಮಾಳವಿಕಾ. ಹತ್ತೊಂಬತ್ತು ವರ್ಷ, ಕಡ್ಡಿಯಂಥ ಹುಡುಗಿ. ಜೊತೆಗೆ ಸಂಘದವರು ಕಳಿಸಿದ ತಳ್ಳುವ ಕುರ್ಚಿ. ವೇದಾ ಅವಸರದಲ್ಲಿ ಕೋಟು ಹಾಕಿಕೊಳ್ಳುತ್ತ ಮನೆ ಕೀ ಅವಳ ಕೈಗೆ ಹಾಕಿ, ಬಾಗಿಲು ಹಾಕುವುದು ಹೇಗೆಂದು ತೋರಿಸಿ ಓಡಿದಳು.

"ಕೂತ್ಕೊಳಿ ಅಜ್ಜಿ, ಪಾರ್ಕಿಗೆ ಹೋಗೋಣ."

"ನನ್ನ ಕಾಲಿಗೇನಾಗಿದೆಯೇ? ನಾನು ಕಾಶಿಯಿಂದ ರಾಮೇಶ್ವರಕ್ಕೆ ಒಂದೇ ಉಸಿರಲ್ಲಿ ನಡೆದೋಳು."

"ನಿಜವಾಗ್ಲೂ?"

"ಮಧ್ಯೆ ಒಂದ್ಸಲ ಕಾಫಿಗೆ ನಿಂತಿದ್ದೆ."

ಕೊನೆಗೆ ಅವಳನ್ನೇ ಕುರ್ಚಿಯಲ್ಲಿ ಕೂರಿಸಿ ಪಾರ್ಕಿನ ತನಕ ನಾನು ತಳ್ಳಿದೆ. ದಾರಿಯಲ್ಲಿ ಹೋಗುತ್ತಿದ್ದ ಬಿಳಿಯರೆಲ್ಲ, ಪಾಪ ಈ ಮುದುಕಿಗೆ ಎಂಥ ಗತಿ ಬಂತು ಎಂದು ನೋಡಿದರು.

ಎರಡನೆಯ ದಿನ ಹುಡುಗಿಯ ಮುಖ ಬಾಡಿತ್ತು. ಸಂಜೆ ಎಲ್ಲರೂ ಸುತ್ತ ಕೂತು, ಅವತ್ತು ಏನು ಕಂಡೆವು, ಏನು ಕಲಿತೆವು ಎಂದು ಬರೆದದ್ದನ್ನು ಓದಬೇಕಂತೆ. ಉಳಿದವರದ್ದು ಕೇಳಿದರೆ ಕಣ್ಣಲ್ಲಿ ನೀರು ಬರುತ್ತದಂತೆ.

"ಫುಡ್ ಬ್ಯಾಂಕಲ್ಲಿ ಒಬ್ಳಿಗೆ ರೆಫ್ಯೂಜಿ ಫ್ಯಾಮಿಲಿ ಸಿಕ್ತು ಅಜ್ಜಿ. ಇನ್ನೊಬ್ನಿಗೆ ರಸ್ತೇಲಿ ಮಲಗೋರು ಸಿಕ್ಕಿದ್ರು. ನನಗೆ ತುಪ್ಪ ಸುರ್ಕೊಂಡು ಒಬ್ಬಟ್ಟು ತಿನ್ನೋ ಅಜ್ಜಿ ಸಿಕ್ಕಿದೀರಿ. ನಾನೇನ್ ಬರೀಲಿ?"

"ಬರ್ಕೋ" ಎಂದೆ, ಇನ್ನೊಂದು ಒಬ್ಬಟ್ಟು ಅವಳ ತಟ್ಟೆಗೆ ಹಾಕುತ್ತ. "ನನ್ನ ಮಗಳು ಮೂರು ದಿನದಿಂದ ಒಂದು ತೊಟ್ಟು ನೀರು ಕೊಟ್ಟಿಲ್ಲ. ವಾರಕ್ಕೊಂದು ತುತ್ತು ಅನ್ನ, ಅದೂ ಹಳಸಿದ್ದು. ಹೊಡೆದೂ ಹೊಡೆದೂ ಬೆನ್ನು ತಮಟೆ ಆಗೋಗಿದೆ."

ಅವಳು ನಕ್ಕು ನಕ್ಕು ಬಗ್ಗಿಹೋದಳು. ನಗುತ್ತಲೇ ಬರೆದುಕೊಂಡಳು. ನಾನೂ ಉಬ್ಬಿಹೋದೆ. ನನ್ನ ಮಾತು ಬರೆದುಕೊಂಡವರು ಈ ಭೂಮಿ ಹುಟ್ಟಿದ ಮೇಲೆ ಅವಳೊಬ್ಬಳೇ.

ಬುಧವಾರ ಸಂಜೆ ಅದನ್ನು ಇಂಗ್ಲಿಷಿನಲ್ಲಿ ಓದಿದಳಂತೆ. ಯಾರೂ ನಗಲಿಲ್ಲವಂತೆ. ಅವರ ಗುಂಪು ನೋಡಿಕೊಳ್ಳುವ ಇಲ್ಲಿನ ಹೆಂಗಸು ಎದ್ದು ಹೊರಗೆ ಹೋಗಿ ಫೋನು ಮಾಡಿದಳಂತೆ. ಇಲ್ಲಿ ಹಾಗೆ. ಮುದುಕರಿಗೆ ಏನಾದರೂ ಆಗುತ್ತಿದೆ ಎಂದು ಕಿವಿಗೆ ಬಿದ್ದರೆ ಕೌನ್ಸಿಲ್ಲಿಗೆ, ಅಂದರೆ ಇಲ್ಲಿನ ನಗರಸಭೆಗೆ, ತಿಳಿಸಲೇಬೇಕು, ತಿಳಿಸದಿದ್ದರೆ ಅವರ ಕೆಲಸಕ್ಕೇ ಕುತ್ತು.

ಗುರುವಾರ ಮಧ್ಯಾಹ್ನವೇ ವೇದಾ ಮನೆಗೆ ಬಂದಳು. ಕೋಟು ಬಿಚ್ಚಲಿಲ್ಲ. ಅಡುಗೆಮನೆಗೆ ಹೋಗಿ ಫ್ರಿಜ್ಜಿನಲ್ಲಿದ್ದದ್ದನ್ನೆಲ್ಲ ಹೊರಗೆ ತೆಗೆದು ಒರೆಸತೊಡಗಿದಳು.

"ಏನಾಯ್ತೇ?"

"ಕೌನ್ಸಿಲ್ಲಿಂದ ಫೋನ್ ಬಂದಿತ್ತು. ನಾನು ನಿನಗೆ ಅನ್ನ ನೀರು ಕೊಡಲ್ಲಂತೆ. ಹೊಡೀತೀನಂತೆ. ನಾಳೆ ಹನ್ನೊಂದಕ್ಕೆ ವಿಚಾರಿಸೋಕೆ ಬರ್ತಾರೆ."

ನಾನು ನಕ್ಕೆ. ಅವಳು ನಗಲಿಲ್ಲ.

"ಅಮ್ಮಾ, ನಾನು ದಿನಾ ನೋಡೋದು ಮುದುಕರನ್ನ. ಹೆತ್ತ ತಾಯೀನೇ ನೋಡ್ಕೊಳಲ್ಲ ಅಂತ ಅವರು ಬರೆದ್ರೆ ಆಸ್ಪತ್ರೆಗೆ ಹೇಳ್ತಾರೆ. ಆಸ್ಪತ್ರೆಯೋರು ವಾರ್ಡಿಗೆ ಬರಬೇಡ ಅಂತಾರೆ. ಹದಿನಾರು ವರ್ಷ ಆಯ್ತು ನಾನಿಲ್ಲಿ ಕೆಲಸಕ್ಕೆ ಸೇರಿ."

"ತಮಾಷೆಗೆ ಹೇಳಿದ್ದು ಅಂತ ನಾನೇ ಹೇಳ್ತೀನಿ ಬಿಡು. ಈ ಹೊಟ್ಟೆ ತೋರಿಸ್ತೀನಿ. ಉಪವಾಸ ಇದ್ದೋಳ ಹೊಟ್ಟೆನಾ ಇದು?"

"ಅದಲ್ಲಮ್ಮ ನನಗೆ ಭಯ." ಒರೆಸುವ ಬಟ್ಟೆ ನಿಂತಿತು. "ಬಾಗಿಲು."

ಬಾಗಿಲಿನ ಸಂಗತಿ ಹೇಳಬೇಕು. ಜನವರಿಯಲ್ಲಿ ಒಂದು ದಿನ ಬಿಸಿಲು ಕಂಡಿತೆಂದು ಮನೆಯಲ್ಲಿ ಹಾಕುವ ಚಪ್ಪಲಿಯಲ್ಲೇ ಹೊರಗೆ ಹೋದೆ. ಇಲ್ಲಿನ ಮನೆಗಳೆಲ್ಲ ಒಂದೇ ಅಚ್ಚಿನಲ್ಲಿ ಬೇಯಿಸಿದ ಇಡ್ಲಿಗಳು. ನಮ್ಮದು ಯಾವುದೆಂದು ತಿಳಿಯದೆ ಸುತ್ತಿ ಸುತ್ತಿ, ಕಡೆಗೆ ಪೊಲೀಸರ ಕಾರಿನಲ್ಲಿ ಮಹಾರಾಣಿಯ ಹಾಗೆ ಮನೆಗೆ ಬಂದೆ. ಮರುದಿನದಿಂದ ವೇದಾ ಹೋಗುವಾಗ ಹೊರಗಿನಿಂದ ಬೀಗ ಹಾಕಿ ಕೀ ಒಯ್ಯತೊಡಗಿದಳು. ಹಿಂದಿನ ಬಾಗಿಲಿಗೂ ಹಾಗೆಯೇ. ಈ ಮಾತನ್ನು ನಾನು ಯಾರ ಮುಂದೆಯೂ ತಮಾಷೆ ಮಾಡಿರಲಿಲ್ಲ.

ನಾಲ್ಕು ಗಂಟೆಗೆ ಮಾಳವಿಕಾ ಕೀ ಹಿಂದಕ್ಕೆ ಕೊಡಲು ಬಂದಳು. ಇನ್ನು ಅವಳನ್ನು ನಮ್ಮ ಮನೆಗೆ ಕಳಿಸುವುದಿಲ್ಲವಂತೆ. ವೇದಾ ಮಹಡಿಯಲ್ಲಿ ಅಶೋಕನ ಜೊತೆ ಫೋನಿನಲ್ಲಿದ್ದಳು. ಅವಳು ಆ ಗೋಡೆಯಿಂದ ಈ ಗೋಡೆಗೆ ನಡೆಯುವುದು ನಮ್ಮ ತಲೆಯ ಮೇಲೆ ಕೇಳುತ್ತಿತ್ತು. ಹುಡುಗಿಯನ್ನು ಬಾಗಿಲ ಹತ್ತಿರವೇ ಹಿಡಿದುಕೊಂಡೆ.

"ಬುದ್ಧಿ ಇದೆಯೇನೇ ನಿನಗೆ? ಕನ್ನಡದ ಹುಡುಗಿ ನೀನು! ನಿಮ್ಮಜ್ಜಿ ಯಾವತ್ತೂ ಸೊಸೇನ ಹಿಂಗೆ ಆಡ್ಕೊಂಡಿದ್ದು ಕೇಳಿಲ್ವಾ?"

"ಕೇಳಿದೀನಿ ಅಜ್ಜಿ. ಅನ್ನ ನೀರು ಕೊಡಲ್ಲ ಅನ್ನೋದನ್ನ ನಾನು ನಂಬಲೇ ಇಲ್ಲ."

"ಮತ್ತೆ ಹಂಗಂತ ಹೇಳಬೇಕಿತ್ತು, ಜೋಕು ಅಂತ."

"ಹೇಳೋಣ ಅಂತಾನೇ ಬಾಯಿ ತೆಗ್ದೆ." ಅವಳು ಕೈಯಲ್ಲಿದ್ದ ಕೀಯನ್ನು ತಿರುಗಿಸಿ ತಿರುಗಿಸಿ ನೋಡಿದಳು. "ವೇದಾ ಆಂಟಿಗೆ ನಾನ್ಯಾರು ಅಂತಾನೇ ಗೊತ್ತಿರ್ಲಿಲ್ಲ. ಬಂದು ಐದು ನಿಮಿಷಕ್ಕೆ ಇದನ್ನ ನನ್ನ ಕೈಗೆ ಕೊಟ್ರು. ನಿಮ್ಮ ಹತ್ರ ಯಾಕಿಲ್ಲ ಅಜ್ಜಿ? ಸಂಜೆ ನಾನು ಬೀಗ ಹಾಕ್ಕೊಂಡು ಹೋಗ್ವಾಗ ನೀವು ಒಳಗೆ ನಿಂತು ಕೈ ಬೀಸ್ತಿದ್ರಿ. ಅದನ್ನ ಹೆಂಗೆ ಬರೀಬೇಕು ಅಂತ ನನಗೆ ಗೊತ್ತಾಗ್ಲಿಲ್ಲ. ಅದಕ್ಕೇ ಬಾಯಿ ಮುಚ್ಕೊಂಡೆ."

ಹಿಡಿದುಕೊಂಡಿದ್ದ ಅವಳ ತೋಳು ಬಿಟ್ಟೆ.

"ನಾಳೆ ಬರ್ತಾರಲ್ಲ, ನೀವೇ ಹೇಳಿ" ಎಂದು ಕೀಯನ್ನು ಚಪ್ಪಲಿ ಗೂಡಿನ ಮೇಲಿಟ್ಟು ಹೋದಳು.

ಸಂಜೆ ವೇದಾ ಅದೇ ಕೀಯನ್ನು ತಂದು ನನ್ನ ಅಂಗೈಯಲ್ಲಿಟ್ಟು ಬೆರಳು ಮಡಿಸಿದಳು. "ಬಾಗಿಲಿನ ವಿಷಯ ಕೇಳಿದ್ರೆ, ಕೀ ಯಾವಾಗ್ಲೂ ನಿನ್ನ ಹತ್ರಾನೇ ಇರುತ್ತೆ ಅಂತ ಹೇಳು."

"ಸುಳ್ಳು ಹೇಳು ಅಂತೀಯಾ?"

"ಜೀವಮಾನ ಎಲ್ಲ ಹೇಳ್ಕೊಂಡೇ ಬಂದಿದೀಯಲ್ಲಮ್ಮಾ!"

"ಅದು ಸುಳ್ಳಲ್ಲ ಕಣೇ, ಒಗ್ಗರಣೆ."

ಅವಳು ಅಳುತ್ತಾಳೋ ನಗುತ್ತಾಳೋ ಎಂದು ನೋಡಿದೆ. ಎರಡೂ ಮಾಡದೆ ಸ್ಟವ್ ಒರೆಸಲು ಹೋದಳು.

ಶುಕ್ರವಾರ ಎಂಟು ಗಂಟೆಯಿಂದ ನನಗೆ ಕೂತಲ್ಲಿ ಕೂರಲಾಗಲಿಲ್ಲ. ಬೇರೆ ಸೀರೆ ಉಟ್ಟೆ. ಅದು ತೀರ ಚೆನ್ನಾಗಿದೆ, ಬೆದರಿಸಿ ಉಡಿಸಿದ್ದಾರೆ ಎಂದುಕೊಂಡಾರು ಎನಿಸಿ ಮತ್ತೆ ಹಳೆಯದನ್ನೇ ಉಟ್ಟೆ. ಅದರಲ್ಲಿ ತೂತು ಕಂಡಿತು, ಮತ್ತೆ ಬದಲಾಯಿಸಿದೆ. ಹನ್ನೊಂದಕ್ಕೆ ಸರಿಯಾಗಿ ಬಂದ ಕೌನ್ಸಿಲ್ಲಿನ ಹೆಂಗಸಿಗೆ ಐವತ್ತರ ಹತ್ತಿರದ ವಯಸ್ಸು, ಮೆತ್ತಗಿನ ಮಾತು. ಅಮ್ಮನ ಜೊತೆ ಒಬ್ಬಳೇ ಮಾತಾಡಬೇಕು ಎಂದು ವೇದಾಳನ್ನು ಅಡುಗೆಮನೆಗೆ ಕಳಿಸಿ ಬಾಗಿಲು ಹಾಕಿದಳು. ಆಮೇಲೆ ಫೋನನ್ನು ಮೇಜಿನ ಮೇಲಿಟ್ಟಳು. ಅದರೊಳಗಿಂದ ಕನ್ನಡ ಬಂತು, ಧಾರವಾಡದ ಕಡೆಯದು. ಅವಳ ಇಂಗ್ಲಿಷನ್ನು ನನಗೆ, ನನ್ನ ಮಾತನ್ನು ಅವಳಿಗೆ ದಾಟಿಸುವ ಹೆಂಗಸು.

"ನಮಸ್ಕಾರ್ರೀ ಅಮ್ಮಾರ. ನಿನ್ನಿ ಊಟಕ್ಕ ಏನ್ ಮಾಡಿದ್ರಿ ಅಂತ ಕೇಳ್ಳಿಕ್ಕತ್ತಾರ."

"ಹುಳಿ, ಅನ್ನ, ಹಪ್ಪಳ. ನನ್ನ ಮಗಳು ನನಗೆ ತಿನ್ನಿಸಿದ್ರಲ್ಲಿ ಒಂದು ಆನೆ ಸಾಕಬಹುದು."

ಫೋನಿನೊಳಗೆ ಇಂಗ್ಲಿಷಾಯಿತು. ಹೆಂಗಸು ಬರೆಯುವುದನ್ನು ನಿಲ್ಲಿಸಿ ನನ್ನನ್ನು ನೋಡಿದಳು.

"ಆನಿ ಎಲ್ಲಿ ಅದ ಅಂತ ಕೇಳ್ತಾರ್ರೀ."

"ಆನೆ ಇಲ್ಲ. ಹೊಟ್ಟೆ ತುಂಬಾ ಹಾಕ್ತಾಳೆ. ಯಾವತ್ತೂ ಕೈ ಎತ್ತಿಲ್ಲ. ಆ ಹುಡುಗಿಗೆ ಹೇಳಿದ್ದು ತಮಾಷೆಗೆ." ಅವತ್ತು ಒಗ್ಗರಣೆ ನಡೆಯುವುದಿಲ್ಲ ಎಂದು ಅರ್ಥವಾಯಿತು. ಒಂದೊಂದು ಮಾತನ್ನೂ ಅಕ್ಕಿಯಲ್ಲಿ ಕಲ್ಲು ಆರಿಸಿದ ಹಾಗೆ ಆರಿಸಿ ಇಟ್ಟೆ. ಅವಳು ಫ್ರಿಜ್ಜು ನೋಡಿದಳು, ನನ್ನ ಮಾತ್ರೆ ಡಬ್ಬಿ ನೋಡಿದಳು, ಹಾಸಿಗೆ ನೋಡಿದಳು. ಮುಖ ಸಡಿಲವಾಯಿತು. ಮುಗಿಯಿತು ಎಂದುಕೊಳ್ಳುತ್ತಿದ್ದೆ.

"ಮಗಳು ಕೆಲಸಕ್ಕ ಹೋದಾಗ ನಿಮಗ ಹೊರಗ ಹೋಗಬೇಕನಿಸಿದ್ರ ಹೋಗ್ತೀರೇನ್ರಿ?"

"ಹೋಗ್ತೀನಿ. ಇಗೋ ಕೀ."

"ಛೊಲೋ ಆತು. ಬಿಸಿಲು ಬಿದ್ದದ, ಮೂಲಿತನಕ ಅಡ್ಡಾಡಿ ಬರೂಣ ಅಂತಾರ. ಬಾಗಲಾ ನೀವ ಹಾಕ್ರಿ ಅಂತ."

ಅವಳು ಫೋನನ್ನು ಕೈಯಲ್ಲಿ ಹಿಡಿದುಕೊಂಡಳು, ಹೊರಗೆ ಬಂದೆವು. ಬಾಗಿಲು ಎಳೆದುಕೊಂಡು ಕೀ ತೂರಿಸಿದೆ. ತಿರುಗಲಿಲ್ಲ. ಬಲಕ್ಕೆ ತಿರುಗಿಸಿದೆ, ಎಡಕ್ಕೆ ತಿರುಗಿಸಿದೆ, ತೆಗೆದು ಒರೆಸಿ ಮತ್ತೆ ತೂರಿಸಿದೆ. ಬಾಗಿಲಿಗೆ ಭುಜ ಕೊಟ್ಟು ಒತ್ತಿದೆ. ಹೆಂಗಸು ಕೈ ಚಾಚಲಿಲ್ಲ, ಸುಮ್ಮನೆ ನಿಂತು ನೋಡಿದಳು. ಆಮೇಲೆ ಮೆಲ್ಲಗೆ ಮುಂದೆ ಬಂದು ಬಾಗಿಲ ಹಿಡಿಯನ್ನು ಮೇಲಕ್ಕೆ ಎತ್ತಿದಳು. ಒಳಗೆ ಏನೋ ಟಕ್ಕೆಂದಿತು. ಕೀ ಬೆಣ್ಣೆಯಲ್ಲಿ ತಿರುಗಿದ ಹಾಗೆ ತಿರುಗಿತು. ಇಲ್ಲಿನ ಬಾಗಿಲುಗಳಿಗೆ ಮೊದಲು ಹಿಡಿ ಎತ್ತಬೇಕು. ಅದು ಹಾರ್ಬೋರ್ನಿನ ಆರು ವರ್ಷದ ಮಕ್ಕಳಿಗೂ ಗೊತ್ತು. ಎರಡು ವರ್ಷದಿಂದ ಈ ಮನೆಯಲ್ಲಿರುವ ನನಗೆ ಗೊತ್ತಿಲ್ಲ.

ಅವಳು ಕೇಳಿದ್ದನ್ನು ಫೋನು ಹೇಳಿತು. "ಈ ಕೀ ನಿಮ್ಮ ಕೈಗೆ ಯಾವಾಗ ಬಂತ್ರಿ, ಅಮ್ಮಾರ?"

ಒಳಗೆ ಅಡುಗೆಮನೆಯಲ್ಲಿ ನಲ್ಲಿ ಬಿಟ್ಟ ಸದ್ದು ಕೇಳುತ್ತಿತ್ತು.

"ನಿನ್ನೆ ಸಂಜೆ" ಎಂದೆ. "ಜನವರಿಯಿಂದ ಬೀಗ ಹಾಕಿ ಹೋಗ್ತಾಳೆ. ಒಂದಿನ ದಾರಿ ತಪ್ಪಿದ್ದೆ. ಮೂರು ಬೀದಿ. ಇಪ್ಪತ್ತು ನಿಮಿಷ. ಅವಳು ಹೆದರ್ಕೊಂಡ್ಳು. ನಾನು ಹೆದರಿರ್ಲಿಲ್ಲ. ಬೀಗ ತೆಗಿ ಅಂತ ನಾನು ಒಂದು ಸಲಾನೂ ಕೇಳಿಲ್ಲ. ಕೇಳಿದ್ರೆ, ಮತ್ತೆ ಕಳೆದುಹೋದ್ರೆ ಅಂತ ಅವಳು ವಾರ್ಡಲ್ಲಿ ನಿಂತ್ಕೊಂಡು ಒದ್ದಾಡ್ತಾಳೆ. ಅದಕ್ಕೇ ಕೇಳ್ಲಿಲ್ಲ."

"ಇಷ್ಟೇನ್ರೀ?"

"ಇಷ್ಟೇ."

ವೇದಾಳನ್ನು ಕರೆದರು. ಹೆಂಗಸು ಬೆಂಕಿ ಎಂದಳು, ಬೀಗ ಎಂದಳು. ಫೋನಿನವಳು ನನಗೆ ಎಲ್ಲವನ್ನೂ ಹೇಳುತ್ತಿದ್ದಳು. ಮನೆಗೆ ಬೆಂಕಿ ಬಿದ್ದರೆ ಈಕೆ ಹೇಗೆ ಹೊರಗೆ ಬರಬೇಕು? ಇದು ತಪ್ಪೆಂದು ನಿಮಗೆ ಬೇರೆಯವರು ಹೇಳಬೇಕೇ? ವೇದಾ ಗೋಡೆಗೆ ಒರಗಿ, "ಐ ನೋ" ಎಂದಳು. ಅಷ್ಟು ಇಂಗ್ಲಿಷ್ ನನಗೂ ಬರುತ್ತದೆ. ಆಮೇಲೆ ನನ್ನ ಕಡೆ ತಿರುಗಿ ಕನ್ನಡದಲ್ಲಿ, "ದಿನಾ ಒಬ್ರಾದ್ರೂ ಬರ್ತಾರಮ್ಮ ವಾರ್ಡಿಗೆ, ರಸ್ತೇಲಿ ಬಿದ್ದು ಸೊಂಟ ಮುರ್ಕೊಂಡು. ಎಲ್ಲರ ಮುಖಾನೂ ನಿಂದೇ ಥರ ಕಾಣುತ್ತೆ" ಎಂದಳು. ಅದನ್ನೂ ಫೋನಿನವಳು ಇಂಗ್ಲಿಷಿಗೆ ದಾಟಿಸಿದಳು. ಹೆಂಗಸು ಅದನ್ನೂ ಬರೆದುಕೊಂಡಳು. ಆಸ್ಪತ್ರೆಗೆ ತಿಳಿಸುವುದೋ ಬೇಡವೋ ತಾನೊಬ್ಬಳೇ ತೀರ್ಮಾನಿಸುವಂತಿಲ್ಲ, ಸೋಮವಾರ ಫೋನ್ ಮಾಡುತ್ತೇನೆ ಎಂದು ಹೋದಳು.

ಬಾಗಿಲು ಮುಚ್ಚಿದ ಮೇಲೆ ವೇದಾ ಬಟ್ಟೆ ತಂದು ಚಪ್ಪಲಿ ಗೂಡು ಒರೆಸಿದಳು. ಕೊನೆಗೆ, "ಬೀಗ ಬೇಡ ಅಂತ ನನಗ್ಯಾಕೆ ಹೇಳ್ಲಿಲ್ಲ?" ಎಂದಳು.

"ಹೇಳಿದ್ರೆ ಬೀಗ ತೆಗೀತಿದ್ಯಾ?"

ಅವಳು ಯೋಚಿಸಿದಳು. ನನ್ನ ಮಗಳು ನನ್ನ ಹಾಗಲ್ಲ, ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಾಳೆ. "ಇಲ್ಲ" ಎಂದಳು.

ಆ ಶನಿವಾರ ಭಾನುವಾರ ನಮ್ಮ ಮನೆಯಲ್ಲಿ ಒರೆಸದೆ ಉಳಿದ ಜಾಗವಿಲ್ಲ. ಅಶೋಕ ಬಂದವನು ನಮ್ಮಿಬ್ಬರ ನಡುವೆ ಬೆಕ್ಕಿನ ಹೆಜ್ಜೆ ಇಟ್ಟು ಓಡಾಡಿ, ಹಿಂದಿನ ಬಾಗಿಲಿಗೂ ಒಂದು ಕೀ ಮಾಡಿಸಿ ಹೋದ. ಸೋಮವಾರ ವೇದಾ ರಜೆ ಹಾಕಿದಳು. ಹತ್ತೂವರೆಗೆ ಫೋನ್ ಬಂತು. ಅವಳು ಮೆಟ್ಟಿಲ ಮೇಲೆ ಕೂತು ಕೇಳಿದಳು. ಹೂಂ, ಹೂಂ ಎಂದಳು. ಇಟ್ಟ ಮೇಲೂ ಫೋನನ್ನೇ ನೋಡುತ್ತಿದ್ದಳು.

"ಆಸ್ಪತ್ರೆಗೆ ಹೇಳಲ್ಲಂತೆ. ಬೀಗ ನಿಲ್ಲಿಸಬೇಕಂತೆ. ಹೇಳದೆ ಕೇಳದೆ ಇನ್ನೊಂದು ಸಲ ಬಂದು ನೋಡ್ತಾರಂತೆ." ಹೇಳಿ ಮುಖವನ್ನು ಮೊಣಕಾಲಿಗೆ ಒತ್ತಿಕೊಂಡಳು. ಅವಳ ಬೆನ್ನು ಸವರಿದೆ. ಅಲ್ಲೇ ಕೂತಿರಬೇಕಿತ್ತು, ಆದರೆ ನನ್ನ ಕಾಲು ಕೇಳಲಿಲ್ಲ. ಕೋಟು ಹಾಕಿಕೊಂಡೆ, ಬೂಟು ಹಾಕಿಕೊಂಡೆ.

"ಎಲ್ಲಿಗೆ?"

"ಬೀದಿ ಕೊನೆತನಕ."

"ಇರು, ಬಂದೆ."

"ನೀನು ಬರಬೇಡ."

ಅವಳ ಕೈ ತನ್ನ ಕೋಟಿನ ಮೇಲಿತ್ತು. ಅಲ್ಲೇ ಉಳಿಯಿತು. ನನ್ನ ಕೋಟಿನ ಜೇಬಿಗೆ ಫೋನು ತುರುಕಿ, "ಅಂಚೆ ಡಬ್ಬ ಬರುತ್ತಲ್ಲ, ಅಲ್ಲಿಂದ ವಾಪಸ್ ಬಂದ್ಬಿಡು" ಎಂದಳು.

ಅಂಚೆ ಡಬ್ಬ ಇಷ್ಟು ಹತ್ತಿರವಿದೆ ಎಂದು ಗೊತ್ತಿರಲಿಲ್ಲ. ತಿರುಗಿ ನೋಡಿದೆ. ಕಿಟಕಿಯ ಗಾಜಿಗೆ ವೇದಾಳ ಮುಖ ಅಂಟಿಕೊಂಡಿತ್ತು. ಕೈ ಬೀಸಿದೆ. ಆಮೇಲೆ ಎಡಕ್ಕೆ ಹೊರಳಿದೆ. ಮೂರು ಮನೆ ದಾಟಿರಲಿಲ್ಲ, ಜೇಬಿನಲ್ಲಿ ಫೋನು ಬಡಿದುಕೊಳ್ಳತೊಡಗಿತು.

"ಅಮ್ಮಾ, ಕಾಣಿಸ್ತಿಲ್ಲ ನೀನು!"

"ಇಲ್ಲೇ ಇದೀನಿ ಕಣೇ" ಎಂದೆ, ನಡೆಯುತ್ತಲೇ.